ಧೂರ್ಜಟಿಯ ಜೊತೆಯಲ್ಲಿದ್ದವಳು

ನಂಜನಗೂಡಿನ ಬಜಾರಿನಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಪುಟ್ಟರಾಜು ತನ್ನ ಅಂಗಡಿಯ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದೇ ತಡ, ಊರಿನ ಪತ್ತೇದಾರಿ ಓದುಗರಿಗೆಲ್ಲ ಹಬ್ಬವಾಯಿತು. 'ಗೂಢಚಾರ ಧೂರ್ಜಟಿ ಮತ್ತೆ ಬರುತ್ತಿದ್ದಾನೆ' ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಇದು 1998ರ ಮಾತು. ಧೂರ್ಜಟಿಯನ್ನು ಹುಟ್ಟಿಸಿ ಸಾಕಿದ ಲೇಖಕರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವನ ಕಥೆ ಮುಗಿಯಿತೆಂದು ಎಲ್ಲರೂ ಕೈತೊಳೆದುಕೊಂಡು ಕೂತಿದ್ದಾಗ, ಪ್ರಕಾಶಕರು ದಾವಣಗೆರೆ ಕಡೆಯ ಯಾರೋ ಹುಡುಗನ ಕೈಯಲ್ಲಿ ಮುಂದಿನ ಕಾದಂಬರಿ ಬರೆಸಿದ್ದರು. ಹೊಸಬನಿಗೆ ಆ ಕೈ ಎಲ್ಲಿಂದ ಬರಬೇಕು ಎಂದರು ಕೆಲವರು. ಬರೀಲಿ ಬಿಡ್ರೀ, ಸತ್ತೋರು ಎದ್ದು ಬಂದು ಬರೆಯೋಕಾಯ್ತದಾ ಎಂದರು ಇನ್ನು ಕೆಲವರು. ಪುಸ್ತಕ ಬರುವ ಮೊದಲೇ ಜಗಳ ಶುರುವಾಗಿತ್ತು.

ಈ ಗದ್ದಲದ ನಡುವೆ ಒಬ್ಬರ ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟತೊಡಗಿತು. ಅವರೇ ಬೂಸ-ಹಿಂಡಿ ಅಂಗಡಿಯ ದೊಡ್ಡಸಿದ್ದಯ್ಯನವರು. ಧೂರ್ಜಟಿಯ ಒಂದು ಪುಸ್ತಕವನ್ನೂ ಬಿಡದೆ ಓದಿದ ಮನುಷ್ಯ, ನ್ಯಾಯವಾಗಿ ಕುಣಿದಾಡಬೇಕಿತ್ತು. ಆದರೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಒಂದೂವರೆ ತಿಂಗಳು ಪುಸ್ತಕ, ಪೇಪರು ಯಾವುದನ್ನೂ ಕಣ್ಣ ಮುಂದೆ ಹಿಡಿಯಕೂಡದೆಂದು ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸಿದ್ದರು. ರಟ್ಟಿನಲ್ಲಿ ಇನ್ನೂ ಏನೋ ಬರೆದಂತಿದೆಯಲ್ಲ ಎಂದು ಅವರು ಕೇಳಿದಾಗ ಪುಟ್ಟರಾಜು ಓದಿ ಹೇಳಿದ.

"ಪುಸ್ತಕದ ಎಸ್ರು ಬುದ್ಧಿ. 'ಯಾಮಿನಿ ಮರಳಿದಳು'. ನಮ್ ಯಾಮಿನಿ ಸತ್ತಿಲ್ವಂತೆ ಕಣ್ರೀ."

ದೊಡ್ಡಸಿದ್ದಯ್ಯ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಪಾಪ, ಕಣ್ಣಿನ ಬಾಧೆ ಇರಬೇಕೆಂದು ಪುಟ್ಟರಾಜು ನೀರು ತರಲು ಓಡಿದ.

ಯಾಮಿನಿ ಯಾರೆಂದು ಆ ಪುಸ್ತಕಗಳನ್ನು ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಧೂರ್ಜಟಿಗೆ ಸರಿಸಮವಾಗಿ ನಿಂತ ಗೂಢಚಾರಿಣಿ. ಜೀಪು ಓಡಿಸುವವಳು, ಗುರಿಯಿಟ್ಟು ಹೊಡೆಯುವವಳು, ಅವನು ಸಿಕ್ಕಿಬಿದ್ದಾಗಲೆಲ್ಲ ಹೋಗಿ ಹಗ್ಗ ಬಿಚ್ಚುವವಳು. ಮೊದಲ ಪುಸ್ತಕದಿಂದಲೂ ಅವನ ಪಕ್ಕ ಬಿಟ್ಟವಳಲ್ಲ. ಕೊನೆಯ ಪುಸ್ತಕದಲ್ಲಿ ಅವನನ್ನು ಉಳಿಸಲು ಹೋಗಿ ಜೀಪಿನ ಸಮೇತ ಸೇತುವೆಯಿಂದ ನದಿಗೆ ಬಿದ್ದಳು. ಇಡೀ ನಂಜನಗೂಡಿನಲ್ಲಿ ಅವಳ ಹೆಸರನ್ನೇ ಕೇಳದ ಧೂರ್ಜಟಿಯ ಅಭಿಮಾನಿ ಒಬ್ಬರೇ ಒಬ್ಬರು. ದೊಡ್ಡಸಿದ್ದಯ್ಯನವರ ಹೆಂಡತಿ ಮಲ್ಲಾಜಮ್ಮ.

ಮಲ್ಲಾಜಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಸೋಮನಾಥಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಊಟವಾದ ಮೇಲೆ ಗಂಡ ಗಟ್ಟಿಯಾಗಿ ಓದುವುದು, ಆಕೆ ಕೇಳುವುದು ರೂಢಿಯಾಯಿತು. ಆದರೆ ಅದೇ ಪಡಸಾಲೆಯಲ್ಲಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಅತ್ತೆ ಸಿದ್ದಲಿಂಗಮ್ಮನೂ ಕೂತಿರುತ್ತಿದ್ದರು. ಅವರು ಮಠಕ್ಕೆ ನಡೆದುಕೊಳ್ಳುವ ಹೆಂಗಸು, ಮನೆಯಲ್ಲಿ ಈರುಳ್ಳಿ ಹೆಚ್ಚಿದರೂ ಮೂಗು ಮುಚ್ಚಿಕೊಳ್ಳುವವರು. ಶರಣರ ಕಥೆ ಬಿಟ್ಟು ಇದೇನು ಓದುತ್ತೀಯೆಂದು ಕೇಳಿದಾಗ, ಮಗ ಶಿವನ ಹೆಸರಿನವನ ಕಥೆ ಕಣವ್ವ ಎಂದು ತಪ್ಪಿಸಿಕೊಂಡಿದ್ದ.

ಮೊದಲ ಪುಸ್ತಕದ ಎರಡನೇ ಪುಟದಲ್ಲೇ ಧೂರ್ಜಟಿ ಹೋಟೆಲಿಗೆ ಹೋಗಿ ವಿಸ್ಕಿ ಮತ್ತು ಕೋಳಿ ತರಿಸಿಕೊಂಡ. ದೊಡ್ಡಸಿದ್ದಯ್ಯನಿಗೆ ನಾಲಿಗೆ ತಡವರಿಸಿತು. ಅಮ್ಮನ ಕಡೆ ಒಮ್ಮೆ ನೋಡಿ, ಬಾದಾಮಿ ಹಾಲು ಮತ್ತು ಸೆಟ್ ದೋಸೆ ಎಂದು ಓದಿದರು. ಒಳ್ಳೇ ಮನೆ ಹುಡುಗ ಎಂದು ಸಿದ್ದಲಿಂಗಮ್ಮ ತಲೆದೂಗಿದರು. ಮುಂದೆ ಯಾಮಿನಿ ಬಂದಳು. ಬಂದವಳು ನೆಟ್ಟಗೆ ಧೂರ್ಜಟಿಯ ಕುತ್ತಿಗೆಗೆ ಜೋತುಬಿದ್ದಳು. ಹೊಸ ಹೆಂಡತಿ ಒಂದು ಕಡೆ, ಹೆತ್ತ ತಾಯಿ ಇನ್ನೊಂದು ಕಡೆ. ದೊಡ್ಡಸಿದ್ದಯ್ಯ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದರು. ಅಲ್ಲಿಂದಾಚೆಗೆ ಅವಳು ಬಂದ ಕಡೆಯಲ್ಲೆಲ್ಲ ಮಗುಚಿದ್ದೇ ಮಗುಚಿದ್ದು. ಅವಳು ಹಾರಿಸಿದ ಗುಂಡನ್ನು ಧೂರ್ಜಟಿಯೇ ಹಾರಿಸಿದ. ಅವಳು ಬಿಚ್ಚಿದ ಹಗ್ಗವನ್ನು ಅವನೇ ಹಲ್ಲಿನಿಂದ ಕಡಿದುಕೊಂಡ.

"ಪಾಪ, ಎಲ್ಲಾನೂ ಒಬ್ಬನೇ ಮಾಡ್ಬೇಕು. ಮನೇಗ್ ಬಂದ್ರೆ ಒಂದ್ ಲೋಟ ನೀರು ಕೊಡೋರಿಲ್ಲ," ಎಂದು ಮಲ್ಲಾಜಮ್ಮ ಮರುಗುತ್ತಿದ್ದರು.

ಸಿದ್ದಲಿಂಗಮ್ಮ ತೀರಿಕೊಂಡ ಮೇಲಾದರೂ ಯಾಮಿನಿಯನ್ನು ಮನೆಯೊಳಕ್ಕೆ ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏನೆಂದು ಕರೆಯುವುದು? ಒಂದು ಸುಳ್ಳು ಹೇಳಿದವನು ಅದರ ಸಂಸಾರವನ್ನೆಲ್ಲ ಸಾಕಬೇಕಾಗುತ್ತದೆ. ಮೇಲಾಗಿ ಮಲ್ಲಾಜಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು: ನಮ್ಮೋರು ಓದಿದ್ರೆ ಒಂದಕ್ಷರ ಬಿಡಕ್ಕಿಲ್ಲ, ಕಣ್ಮುಂದೆ ನಡ್ದಂಗಿರ್ತದೆ. ಅಂಗಡಿಯಲ್ಲಿ ಬೂಸದ ತೂಕ ಸರಿಯಿಲ್ಲವೆಂದು ಯಾರಾದರೂ ಗೊಣಗಿದರೆ ದೊಡ್ಡಸಿದ್ದಯ್ಯ ಸೈರಿಸಿಕೊಂಡಾರು. ಆದರೆ ಹೆಂಡತಿಯ ಬಾಯಿಂದ ಆ ಮಾತು ತಪ್ಪಿಹೋಗುವುದನ್ನು ಅವರಿಗೆ ನೆನೆಯುವುದಕ್ಕೂ ಆಗುತ್ತಿರಲಿಲ್ಲ.

ಈಗ ನೋಡಿದರೆ ಓದಲು ಕಣ್ಣಿಲ್ಲ. ಪುಸ್ತಕ ಬಂದರೆ ಓದುವವಳು ಸೊಸೆ ಚೈತ್ರ. ಬಿ.ಎ. ಮಾಡಿದ ಹುಡುಗಿ, ಹಾಸ್ಟೆಲಿನಲ್ಲಿದ್ದಾಗ ಧೂರ್ಜಟಿಯನ್ನೆಲ್ಲ ಓದಿ ಮುಗಿಸಿದವಳು. ಅವಳು ಯಾಕೆ ಹಾಳೆ ಮಗುಚುತ್ತಾಳೆ?

"ನನ್ ಕಣ್ ವಾಸಿಯಾಗ್ಲಿ, ನಾನೇ ಓದ್ತೀನಿ," ಎಂದು ಹೆಂಡತಿಯ ಮುಂದೆ ಹೇಳಿ ನೋಡಿದರು.

"ಇಷ್ಟ್ ವರ್ಷ ಕಾದಿಲ್ವಾ? ಇನ್ನೆಷ್ಟ್ ಕಾಯದು? ನೀವು ಸುಮ್ನೆ ಕೂತ್ಕಂಡು ಕೇಳಿ, ಚೈತ್ರ ಓದ್ತಾಳೆ," ಎಂದರು ಮಲ್ಲಾಜಮ್ಮ.

ಅಲ್ಲಿಗೆ ದೊಡ್ಡಸಿದ್ದಯ್ಯನವರ ನಿದ್ದೆ ಹೋಯಿತು. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಬೆಳಗಾದರೆ ಪುಟ್ಟರಾಜುವಿನ ಅಂಗಡಿಗೆ ಹೋಗಿ, ಬಂತಾ ಎಂದು ಕೇಳುವರು. ಬಂದಿಲ್ಲ ಎಂದರೆ ಉಸಿರು ಬಿಡುವರು. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಅಲ್ಲಿಗೇ ಹೊರಡುವರು. ಬುದ್ಧಿಯೋರಿಗೆ ನಮಗಿಂತ ಹುಚ್ಚು ಕಣ್ಲಾ ಎಂದು ಅಲ್ಲಿ ನೆರೆದವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು.

ನರಸೀಪುರದ ಬಸ್ ಸ್ಟ್ಯಾಂಡಿನ ಸ್ಟಾಲಿಗೆ ಹೊಸ ಪುಸ್ತಕಗಳು ಒಂದು ದಿನ ಮೊದಲೇ ಬರುತ್ತವೆಂದು ಕೇಳಿದ್ದೇ ಅವರಿಗೊಂದು ಉಪಾಯ ಹೊಳೆಯಿತು. ಅಲ್ಲಿಂದ ತಾವೇ ಮೊದಲು ತಂದು ಎಲ್ಲಾದರೂ ಅಡಗಿಸಿಟ್ಟು, ಸಿಗಲಿಲ್ಲವೆಂದು ಕಣ್ಣು ವಾಸಿಯಾಗುವವರೆಗೆ ದಿನ ತಳ್ಳಿದರಾಯಿತು. ಪುಟ್ಟರಾಜುವಿಗೂ, ನಮ್ಮ ಮನೆಗೆ ಈಗಲೇ ಕೊಡಬೇಡ, ನಾನು ಹೇಳಿದ ಮೇಲೆ ಕೊಡು ಎಂದು ಹೇಳಿಟ್ಟರು. ಕಪ್ಪು ಕನ್ನಡಕ ಹಾಕಿಕೊಂಡು, ಹಿಂಡಿ ವ್ಯಾಪಾರದ ನೆಪ ಹೇಳಿ ಬಸ್ಸು ಹತ್ತಿದರು. ಪುಸ್ತಕ ಸಿಕ್ಕಿತು. ಪಂಚೆಯ ಒಳಗೆ ಸಿಕ್ಕಿಸಿಕೊಂಡು ವಾಪಸ್ಸು ಬರುವಾಗ, ಬಸ್ಸಿನ ಕುಲುಕಾಟಕ್ಕೆ ಅದು ಜಾರಿ ಕಂಡಕ್ಟರ್ ರಂಗನಾಯಕನ ಕಾಲ ಬಳಿಯೇ ಬಿತ್ತು. ಬೇರೆ ಯಾರ ಕಾಲ ಬಳಿ ಬಿದ್ದಿದ್ದರೂ ಚಿಂತೆಯಿರಲಿಲ್ಲ. ರಂಗನಾಯಕ ಪುಟ್ಟರಾಜುವಿನ ಅಂಗಡಿಯ ಹಳೇ ಗಿರಾಕಿ, ಧೂರ್ಜಟಿಗಾಗಿ ಜೀವ ಬಿಡುವವನು. ಟಿಕೆಟ್ ಕೊಡುವುದನ್ನು ಬಿಟ್ಟು ಅಲ್ಲೇ ನಿಂತು ಮೊದಲ ಹಾಳೆ ಓದಿಬಿಟ್ಟ.

ಪುಸ್ತಕವನ್ನು ಅವನಿಂದ ಕಿತ್ತುಕೊಂಡು, ಅಂಗಡಿಗೆ ಹೋಗಿ ಬೂಸದ ಮೂಟೆಗಳ ಸಂದಿಯಲ್ಲಿ ಅಡಗಿಸಿಟ್ಟು, ಹೊತ್ತು ಇಳಿದ ಮೇಲೆ ದೊಡ್ಡಸಿದ್ದಯ್ಯ ಮನೆಗೆ ಬಂದರು. ಜಗಲಿಯಲ್ಲಿ ರಂಗನಾಯಕ ಕಾಫಿ ಕುಡಿಯುತ್ತ ಕೂತಿದ್ದ.

"ಮಲ್ಲಾಜವ್ವಾರು ಓದಿಸ್ಕಂಡ್ ಮೇಲೆ ನಂಗೇ ಮೊದ್ಲು ಕೊಡ್ಬೇಕು ಸಾ," ಎಂದ.

ಮಲ್ಲಾಜಮ್ಮನ ಮುಖ ಅರಳಿತ್ತು. "ನನಗೋಸ್ಕರ ಆ ಕಣ್ಣಲ್ಲಿ ನರಸೀಪುರಕ್ಕೆ ಓಗಿದ್ರಂತೆ," ಎಂದರು. ಆ ಮಾತು ಕೇಳಿ ದೊಡ್ಡಸಿದ್ದಯ್ಯನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮಗನನ್ನು ಅಂಗಡಿಗೆ ಕಳಿಸಿ ಪುಸ್ತಕ ತರಿಸಿದರು.

ಊಟವಾಯಿತು. ಚೈತ್ರ ದೀಪದ ಕೆಳಗೆ ಕುಳಿತು ಓದತೊಡಗಿದಳು. ನದಿಯ ದಂಡೆಯಲ್ಲಿ ಕಣ್ಣು ತೆರೆದ ಯಾಮಿನಿ, ಧೂರ್ಜಟಿ ಎಲ್ಲಿ ಎಂದು ಕೇಳಿದಳು.

"ಯಾರವ್ವ ಇವ್ಳು?" ಎಂದರು ಮಲ್ಲಾಜಮ್ಮ.

ಚೈತ್ರ ನಕ್ಕಳು. "ಯಾಮಿನಿ, ಅತ್ತೆ. ಎಲ್ಲಾ ಪುಸ್ತಕದಲ್ಲೂ ಇದ್ದಾಳಲ್ಲ."

"ಎಲ್ಲೂ ಇಲ್ಲ. ನಿಮ್ ಮಾವ ಒಂದನ್ನೂ ಬಿಡ್ದೆ ಓದವ್ರೆ, ನಾನ್ ಕೇಳಿಲ್ವಾ? ಇದು ಆ ಹೊಸಬನ ಕಿತಾಪತಿ. ಬಂಗಾರದಂಥ ಹುಡುಗನಿಗೆ ಯಾವಳನ್ನೋ ತಂದು ಗಂಟು ಹಾಕವ್ನೆ. ನೀನು ನಾಳೆ ಆ ಪ್ರಕಾಶಕರಿಗೆ ಒಂದು ಕಾರ್ಡ್ ಬರೀಬೇಕು," ಎಂದು ಮಲ್ಲಾಜಮ್ಮ ಗಂಡನ ಕಡೆ ತಿರುಗಿದರು. "ಏನ್ರೀ, ನೀವೇ ಹೇಳಿ. ಇದ್ಲಾ ಇವ್ಳು?"

ಚೈತ್ರ ಮಾವನ ಮುಖ ನೋಡಿದಳು. ಕಪ್ಪು ಕನ್ನಡಕದ ಕೆಳಗೆ ಅವರ ತುಟಿ ಅದುರುತ್ತಿತ್ತು. ಬುದ್ಧಿವಂತ ಹುಡುಗಿ, ಅವಳಿಗೆ ಏನೋ ಅರ್ಥವಾಯಿತು.

"ಇಲ್ಲ ಅತ್ತೆ, ನಾನೇ ಬೇರೆ ಯಾವುದೋ ಪುಸ್ತಕದ ಜೊತೆ ಕಲಸಿಕೊಂಡೆ ಅನ್ಸುತ್ತೆ," ಎಂದಳು.

ನೋಡಿ, ಬಾಗಿಲು ತೆರೆದಿತ್ತು. ಹೂಂ ಎಂದಿದ್ದರೆ ಸಾಕಿತ್ತು, ತಪ್ಪೆಲ್ಲ ಕಂಡು ಕೇಳರಿಯದ ದಾವಣಗೆರೆಯ ಹುಡುಗನ ತಲೆಗೆ ಹೋಗುತ್ತಿತ್ತು. ಆದರೆ ತನ್ನ ಮಾನ ಉಳಿಸಲು ಸೊಸೆ ಸುಳ್ಳು ಹೇಳುವುದನ್ನು ಕೇಳಿಸಿಕೊಂಡು ಕೂರುವಷ್ಟು ದಪ್ಪ ಚರ್ಮ ದೊಡ್ಡಸಿದ್ದಯ್ಯನವರದಾಗಿರಲಿಲ್ಲ.

"ಅವ್ಳು ಸರಿಯಾಗೇ ಹೇಳಿದ್ಲು ಕಣೇ. ಇದ್ಲು. ನಾನೇ ಬಿಟ್ಟು ಓದ್ತಿದ್ದೆ. ಅವ್ವ ಕೂತಿರ್ತಿತ್ತಲ್ಲ, ನಾಚಿಕೆಯಾಗಿ ಬಿಟ್ಟೆ. ಆಮೇಲೆ ಸೇರ್ಸೋಕೆ ಆಗ್ಲಿಲ್ಲ. ಆ ಬಾದಾಮಿ ಹಾಲೂ ಸುಳ್ಳು. ಅವ್ನು ಕುಡೀತಿದ್ದುದು ವಿಸ್ಕಿ."

ಚೈತ್ರ ಎದ್ದು ಒಳಗೆ ಹೋಗಲು ನೋಡಿದಾಗ ಮಲ್ಲಾಜಮ್ಮ ಅವಳ ಕೈ ಹಿಡಿದು ಕೂರಿಸಿದರು.

"ಕುಡೀಲಿ ಬಿಡಿ, ಗಡಿ ಕಾಯೋರು ಕುಡೀತಾರೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ದೊಡ್ಡಸಿದ್ದಯ್ಯನಿಗೆ ಹೆಚ್ಚು ಭಯ ಹುಟ್ಟಿಸಿತು. "ಅವ್ನ ಹಗ್ಗ ಬಿಚ್ತಿದ್ದೋಳು?"

"ಅವ್ಳೇ."

"ಜೀಪ್ ಓಡಿಸ್ತಿದ್ದೋಳು?"

"ಅವ್ಳೇ."

"ಒಂಟಿ ಪ್ರಾಣಿ ಅಂತ ನಾನು ಇಷ್ಟ್ ವರ್ಷ ಮರುಗಿದ್ದು ಸುಮ್ನೆ ಅನ್ನಿ. ಇಷ್ಟೆಲ್ಲಾ ಮಾಡಿದ ಹೆಂಗ್ಸನ್ನ ನೀವು ಹಾಳೆ ಮಗುಚಿ ಇಲ್ಲ ಅನ್ಸಿಬಿಟ್ರಿ." ಮಲ್ಲಾಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ತಲೆಯೆತ್ತಿದರು. "ಆ ಕೊನೇ ಪುಸ್ತಕ ಓದೋವಾಗ ನಿಮಗೆ ಗಂಟ್ಲು ಕಟ್ಕೊಂಡು ದನೀನೇ ಬರ್ಲಿಲ್ಲ. ಶೀತ ಆಗದೆ ಅಂದ್ರಿ. ನಾನು ಮೆಣಸಿನ ಕಷಾಯ ಮಾಡ್ಕೊಟ್ಟೆ. ಅವ್ಳು ಸತ್ತಿದ್ದು ಅಲ್ವಾ ಅದು?"

ದೊಡ್ಡಸಿದ್ದಯ್ಯ ಹೌದೆಂದು ತಲೆಯಾಡಿಸಿದರು.

"ನಂಗೂ ಒಂದ್ ಮಾತು ಅಂದಿದ್ರೆ," ಎಂದರು ಮಲ್ಲಾಜಮ್ಮ, "ನಾನೂ ಜೊತೇಲಿ ಅಳ್ತಿದ್ನಲ್ಲ."