ಹತ್ತೊಂಬತ್ತು ಕಲ್ಲಿನ ಕಾವಲುಗಾರ

ಲೋಕದಲ್ಲಿ ಕಾವಲುಗಾರರಿಗೇನು ಬರವಿಲ್ಲ. ಕೋಟೆ ಕಾದವರಿದ್ದಾರೆ, ಖಜಾನೆ ಕಾದವರಿದ್ದಾರೆ, ರಾಜನ ಮಂಚದ ಪಕ್ಕ ನಿಂತು ನಿಂತೇ ಮುದುಕರಾದವರೂ ಇದ್ದಾರೆ. ಆದರೆ ತಾನು ಕಾಯಬೇಕಾದ ಸೊತ್ತಿಗೆ ಇಪ್ಪತ್ತೆರಡು ವರ್ಷ ಬೆನ್ನು ಕೊಟ್ಟು ಕೂತು, ಒಂದು ಸಲವೂ ಕತ್ತು ಹೊರಳಿಸದೆ ಕಾದ ಮಹಾವೀರ ಭೂಮಂಡಲದಲ್ಲಿ ಒಬ್ಬನೇ. ಅವನೇ ಮೂಲನಿವಾಸಿಗಳಿಗೆಂದು ಸರ್ಕಾರ ಗಡಿ ಹಾಕಿದ ಸ್ಯಾನ್ ಕಾರ್ಲೋಸ್‌ನ ಅಪಾಚಿ ಬುಡಕಟ್ಟಿನವನು, ಆರ್ವಲ್ ಗೋಕ್ಲಿಶ್.

ಅವನ ಸಿಂಹಾಸನ ಒಂದು ಮಡಚುವ ಕಬ್ಬಿಣದ ಕುರ್ಚಿ. ಮುಂದೆ ಧೂಳಿನ ರಸ್ತೆ, ಕಳ್ಳಿ, ಮುಳ್ಳುಪೊದೆ. ಹಿಂದೆ ದಿನ್ನೆಯ ಮೇಲೆ ಹಳಬರ ಕಲ್ಲುಮನೆಗಳು. ಸೂರಿಲ್ಲದ ಮೂವತ್ತು ಕೋಣೆಗಳು, ಆಳೆತ್ತರದ ಗೋಡೆಗಳು, ಯಾರು ಕಟ್ಟಿದರೋ, ಯಾಕೆ ಬಿಟ್ಟು ಹೋದರೋ. ಕುರ್ಚಿಯಲ್ಲಿ ಕೂತ ಆರ್ವಲ್ಲನ ಬಗ್ಗೆ ಕಥೆಗಳು ಹುಟ್ಟಿದ್ದು ಸಹಜವೇ. ಅವನ ಹ್ಯಾಟಿನ ಕೆಳಗೆ ಹಿಂದೆಯೂ ಎರಡು ಕಣ್ಣಿವೆ ಎಂದರು. ಮಡಕೆ ಚೂರು ಕದಿಯಲು ಬಂದವನನ್ನು ಅವನು ಬರೀ ಬೆನ್ನಿನಿಂದಲೇ ಓಡಿಸಿದ ಎಂದರು. ನಗರದ ಪತ್ರಿಕೆಯೊಂದು ಅವನ ಫೋಟೋ ಹಾಕಿ ‘ಮರುಭೂಮಿಯ ಮೌನ ಪುರೋಹಿತ’ ಎಂದು ಬರೆಯಿತು. ಮೌನವಂತೆ! ಕಾಫಿ ನೀರಾಗಿದೆ ಎಂದು ಆ ಪುರೋಹಿತರು ಅರ್ಧ ಗಂಟೆ ಬಿಡುವಿಲ್ಲದೆ ಗೊಣಗಿದ್ದನ್ನು ಕೇಳಿದವರು ಬಿದ್ದು ಬಿದ್ದು ನಕ್ಕರು.

ನಿಜ ಇಷ್ಟೇ. ಹಳಬರ ಮನೆಗಳ ತಂಟೆಗೆ ಅಪಾಚಿಗಳು ಹೋಗುವುದಿಲ್ಲ. ಹೋದರೆ ಕಾಯಿಲೆ ಬರುತ್ತದೆ. ಅದಕ್ಕೇ ಆ ಕಾವಲು ಕೆಲಸಕ್ಕೆ ಅವರಲ್ಲಿ ಅರ್ಜಿ ಹಾಕಿದವನು ಆರ್ವಲ್ ಒಬ್ಬನೇ. ಅವನು ಹಾಕಿದ್ದಕ್ಕೆ ಕಾರಣ ಕಲ್ಲುಮನೆಗಳಲ್ಲ. ಅವುಗಳಿಂದ ನೂರು ಹೆಜ್ಜೆ ಈಚೆಗೆ, ಮರಳಿನಲ್ಲಿ ಅರ್ಧ ಹೂತಿದ್ದ ಹತ್ತೊಂಬತ್ತು ಕಲ್ಲುಗಳ ಒಂದು ಸುತ್ತು.

ಅಲ್ಲಿ ಅವನ ಅಜ್ಜಿಯ ಗುಡಿಸಲಿತ್ತು. ಕೊಂಬೆ ಬಗ್ಗಿಸಿ ಹುಲ್ಲು ಹೊದಿಸಿದ ಗುಡಿಸಲು ಗಾಳಿಗೆ ಏಳದಿರಲಿ ಎಂದು, ಬಾಗಿಲಿಗಷ್ಟೇ ಜಾಗ ಬಿಟ್ಟು, ಬುಡಕ್ಕೆ ಸುತ್ತಲೂ ಕಲ್ಲು ಒತ್ತಿದ್ದರು. ಓಕ್ ಕಾಯಿ ಆರಿಸುವ ಕಾಲಕ್ಕೆ ಅಜ್ಜ ಅಜ್ಜಿ ಸ್ಯಾನ್ ಕಾರ್ಲೋಸ್‌ನಿಂದ ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ಅಜ್ಜ ಮೊದಲು ಹೋದ. ಅಜ್ಜಿ ಆ ಗುಡಿಸಲಲ್ಲೇ ತೀರಿಕೊಂಡಳು. ಸತ್ತವರ ಮನೆಯಲ್ಲಿ ಯಾರೂ ಇರಕೂಡದು. ಗುಡಿಸಲಿಗೆ ಬೆಂಕಿ ಇಟ್ಟು, ಹಿಂದೆ ನೋಡದೆ ಎಲ್ಲರೂ ನಡೆದು ಬಂದರು. ಆಗ ಆರ್ವಲ್ಲನಿಗೆ ಆರು ವರ್ಷ. ಆ ಕಲ್ಲುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದೇ ಮುಂದೆ ಅವನ ಬದುಕಿನ ಕೆಲಸವಾಯಿತು. ಅವುಗಳತ್ತ ನೋಡಬಾರದು ಎಂಬುದೂ ಅದೇ ಕೆಲಸದ ಭಾಗ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಡಾಕ್ಟರ್ ವಿಟ್‌ಕೋಂಬ್ ಬಂದರು. ದಾರ, ಬ್ರಷ್ಷು, ಹನ್ನೆರಡು ಮಂದಿ ವಿದ್ಯಾರ್ಥಿಗಳ ಸೈನ್ಯ ಕಟ್ಟಿಕೊಂಡು ಬಂದ ಪ್ರಾಚೀನ ವಸ್ತುಗಳ ಪಂಡಿತರು ಅವರು. ಒಳ್ಳೆಯ ಮನುಷ್ಯ. ಅದೇ ತೊಂದರೆ. ಕಂಡಾಗಲೆಲ್ಲ ಆರ್ವಲ್ಲನ ಭುಜ ತಟ್ಟಿ ಹೆಂಡತಿ, ಮಕ್ಕಳು, ಮೊಣಕಾಲು ಎಲ್ಲವನ್ನೂ ಒಂದೇ ಉಸಿರಿಗೆ ವಿಚಾರಿಸಿ, ಉತ್ತರ ಬರುವುದರೊಳಗೆ ಹೊರಟು ಬಿಡುತ್ತಿದ್ದರು. ಮೂರನೆಯ ದಿನ ಅವರ ಸೈನ್ಯ ಕಲ್ಲಿನ ಸುತ್ತನ್ನು ಪತ್ತೆ ಹಚ್ಚಿತು. ನಾಲ್ಕನೆಯ ದಿನ ಅದರೊಳಗೆ ಸುಟ್ಟ ಮಣ್ಣು ಸಿಕ್ಕಿತು.

“ಅಗ್ನಿಪೂಜೆ!” ವಿಟ್‌ಕೋಂಬ್ ಕುಣಿದರು. “ನೋಡು ಗೆಳೆಯಾ, ಇದು ಅಡುಗೆ ಒಲೆ ಅಲ್ಲ. ಇಡೀ ಸುತ್ತೇ ಉರಿದಿದೆ. ಎಂಥ ನಂಬಿಕೆಯ ಜನ ಇದ್ದಿರಬೇಕು!”

“ಮುಟ್ಟಬೇಡಿ,” ಎಂದ ಆರ್ವಲ್, ರಸ್ತೆ ನೋಡುತ್ತಲೇ. “ಅದು ನಮ್ಮ ಮನೇದು.”

“ಖಂಡಿತ, ಖಂಡಿತ. ಒಂದರ್ಥದಲ್ಲಿ ಇದು ನಮ್ಮೆಲ್ಲರ ಮನೇದೇ!” ವಿಟ್‌ಕೋಂಬ್ ಕಣ್ಣೊರೆಸಿಕೊಂಡರು.

ತಿಂಗಳೊಳಗೆ, ಆರ್ವಲ್ಲನಿಗೆ ಸಂಬಳ ಕೊಡುವ ಸರ್ಕಾರಿ ಇಲಾಖೆಯ ಕಾಗದ ಬಂತು. ಆ ನಿಗೂಢ ವೃತ್ತವನ್ನು ಕಿತ್ತು, ಹೊಸ ಪ್ರವಾಸಿ ಕಟ್ಟಡದ ಎದುರು ಜೋಡಿಸಲಾಗುವುದು, ರಕ್ತಸಂಬಂಧಿಗಳ ತಕರಾರಿದ್ದರೆ ಈ ಫಾರಂ ತುಂಬಿ ವಿಚಾರಣೆಗೆ ಬರುವುದು ಎಂದು. ಬುಡಕಟ್ಟಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಟ್ವೈಲಾ, ಆರ್ವಲ್ಲನ ಅಕ್ಕನ ಮಗಳು, ಫಾರಮ್ಮನ್ನೂ ಒಂದು ಡಬ್ಬಿ ಓಕ್ ಕಾಯಿ ಸಾರನ್ನೂ ಹಿಡಿದು ಕುರ್ಚಿಯ ಹತ್ತಿರ ಬಂದಳು.

“ಮಾಮ, ‘ಮೃತರ ಪೂರ್ಣ ಹೆಸರು’ ಅಂತ ಕೇಳವ್ರೆ. ಹೇಳು, ಬರ್ಕೋತೀನಿ.”

“ಹೇಳಲ್ಲ.”

“ನಿಮ್ಮಜ್ಜಿದು ಬ್ಯಾಡ, ನಿಮ್ಮಜ್ಜಂದಾದ್ರೂ ಹೇಳು.”

“ನೀನೇ ಬರ್ಕೋ.”

“ನಂಗೆಲ್ಲಿ ಗೊತ್ತು? ನಿಮ್ಮೋರು ಯಾರಾದ್ರೂ ಬಾಯಿಬಿಟ್ಟಿದ್ರೆ ತಾನೇ!”

ಸತ್ತವರ ಹೆಸರು ಕರೆದರೆ ಅವರು ನಡೆದು ಹೋಗುತ್ತಿರುವ ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರೆ. ಯಾರು ಕರೆದರೋ ಅವರ ಮನೆಗೆ ಬರುತ್ತಾರೆ. ಇದು ಆರ್ವಲ್ಲನಿಗೂ ಗೊತ್ತು, ಟ್ವೈಲಾಗೂ ಗೊತ್ತು. ಫಾರಮ್ಮಿಗೆ ಗೊತ್ತಿರಲಿಲ್ಲ.

ಆರ್ವಲ್ ಸಾರು ಕುಡಿದು ಮುಗಿಸಿದ. ಡಬ್ಬಿಯ ತಳ ಕೆರೆದ. ಆಮೇಲೆ ಮುಖ ಅರಳಿತು. ಅಜ್ಜ ಪ್ರಾಯದಲ್ಲಿದ್ದಾಗ ಸೈನ್ಯದವರು ಸ್ಯಾನ್ ಕಾರ್ಲೋಸ್‌ನ ಗಂಡಸರಿಗೆಲ್ಲ ಕುತ್ತಿಗೆಗೆ ಹಿತ್ತಾಳೆ ಬಿಲ್ಲೆ ಕಟ್ಟಿಸಿದ್ದರು. ಗುಂಪಿಗೊಂದು ಅಕ್ಷರ, ಆಳಿಗೊಂದು ಅಂಕಿ. ಅದನ್ನು ತೋರಿಸಿದರೆ ವಾರಕ್ಕೊಮ್ಮೆ ಹಿಟ್ಟು, ಇಲ್ಲದಿದ್ದರೆ ಜೈಲು.

“ಎಫ್ ಮೂವತ್ತೊಂದು ಅಂತ ಬರಿ,” ಎಂದ. “ಅದು ಅವನ ಹೆಸರಲ್ಲ. ಕರೆದ್ರೆ ಅವನು ತಿರುಗಲ್ಲ. ಆದ್ರೆ ಸರ್ಕಾರದೋರು ಬರ್ಕೊಂಡಿದ್ದು ಅದನ್ನೇ. ಅವರ ಪುಸ್ತಕದಲ್ಲಿ ಅವರೇ ನೋಡ್ಕೊಳ್ಳಲಿ.”

“ಮಾಮ, ನಿಂಗೆ ತಲೆ ಐತೆ ಕಣೋ!” ಟ್ವೈಲಾ ಕುಣಿದಾಡಿದಳು. “ಬರೀ ಹ್ಯಾಟಿಡೋಕೆ ಅಂದ್ಕೊಂಡಿದ್ದೆ.”

ವಿಚಾರಣೆಯ ದಿನ ಆರ್ವಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಬೂಟಿಗೆ ಎಣ್ಣೆ ಹಚ್ಚಿದ. ದಿಗ್ವಿಜಯಕ್ಕೆ ಹೊರಟ ಸೇನಾಪತಿಯಂತೆ ಟ್ವೈಲಾಳ ಕೆಮ್ಮುವ ಪಿಕಪ್ಪಿನಲ್ಲಿ ಕೂತ. ಸಭೆಯಲ್ಲಿ ಅಧಿಕಾರಿ ಕನ್ನಡಕ ಏರಿಸಿ ಫಾರಂ ನೋಡಿದ.

“ಹೆಸರಿನ ಜಾಗದಲ್ಲಿ ಇದೇನ್ರೀ, ಅಂಕಿ?”

“ನಮ್ಮಜ್ಜಂದು,” ಎಂದ ಆರ್ವಲ್. “ನಿಮ್ಮೋರೇ ಕೊಟ್ಟಿದ್ದು.”

“ಬಹುಶಃ ಅದಕ್ಕೊಂದು ಸಾಂಕೇತಿಕ ಅರ್ಥ ಇರಬಹುದು,” ವಿಟ್‌ಕೋಂಬ್ ಸಹಾಯಕ್ಕೆ ಧಾವಿಸಿದರು. “ಮೂವತ್ತೊಂದು ಅಂದರೆ ಚಂದ್ರನ ಲೆಕ್ಕ...”

“ಡಾಕ್ಟರೇ, ತಾವು ಕೂತ್ಕೊಳ್ಳಿ,” ಎಂದ ಅಧಿಕಾರಿ. “ನೋಡಿ ಗೋಕ್ಲಿಶ್, ಒಂದು ಅಂಕಿಗೆ ನೀವು ಮೊಮ್ಮಗ ಅಂತ ನಾನು ಹೇಗೆ ಬರೀಲಿ?”

“ಅಂಕಿಗೆ ಹಿಟ್ಟು ಕೊಡ್ತಿದ್ರಲ್ಲ ಸಾರ್?” ಟ್ವೈಲಾ ಎದ್ದು ನಿಂತಳು. “ಅಂಕಿ ಕಾಣ್ಲಿಲ್ಲ ಅಂದ್ರೆ ಕುದುರೆ ಏರಿ ಹುಡ್ಕೊಂಡು ಬರ್ತಿದ್ರಲ್ಲ? ಆವಾಗ ಮನುಷ್ಯ, ಈವಾಗ ಬರೀ ಅಂಕಿನಾ?”

“ಆ ಪುಸ್ತಕಗಳು ನಮ್ಮ ಇಲಾಖೆಯವಲ್ಲ, ತಾಯಿ.” ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. “ಒಂದೇ ಒಂದು ಹೆಸರು ಹೇಳಿಬಿಡಿ ಗೋಕ್ಲಿಶ್. ಗಂಡಸಿನದಾದರೂ ಸರಿ, ಹೆಂಗಸಿನದಾದರೂ ಸರಿ. ನಾನೇ ಬರ್ಕೊಂಡು ಈಗಲೇ ಕೆಲಸ ನಿಲ್ಲಿಸ್ತೀನಿ. ಐದು ಸೆಕೆಂಡಿನ ಮಾತು.”

ಅವನೂ ಒಳ್ಳೆಯ ಮನುಷ್ಯನೇ. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

ಆರ್ವಲ್ಲನ ಬಾಯಿ ತೆರೆಯಿತು. ಅಜ್ಜಿಯ ಹೆಸರು ನಾಲಗೆಯ ಹಿಂಭಾಗದವರೆಗೆ ಬಂದಿತ್ತು. ಅರವತ್ತು ವರ್ಷ ಅಲ್ಲಿಯೇ ಇದ್ದ ಹೆಸರು. ಹೇಳಿದರೆ ಕಲ್ಲು ಉಳಿಯುತ್ತದೆ, ಅಜ್ಜಿ ನಿಂತು ತಿರುಗುತ್ತಾಳೆ. ಹೇಳದಿದ್ದರೆ ಅವಳು ನಡೆಯುತ್ತಲೇ ಇರುತ್ತಾಳೆ, ಕಲ್ಲು ಹೋಗುತ್ತದೆ. ಬಾಯಿ ಹಾಗೇ ಮುಚ್ಚಿಕೊಂಡಿತು. ಅಧಿಕಾರಿ ಐದು ಸೆಕೆಂಡಲ್ಲ, ಪೂರ್ತಿ ಒಂದು ನಿಮಿಷ ಕಾದ. ಆಮೇಲೆ ‘ಸಂಬಂಧ ಸಾಬೀತಾಗಿಲ್ಲ’ ಎಂದು ಬರೆದು ಸಹಿ ಹಾಕಿದ.

ಕಲ್ಲು ಸಾಗಿಸುವ ದಿನ ವಿದ್ಯಾರ್ಥಿಗಳು ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಒಂದರಿಂದ ಹತ್ತೊಂಬತ್ತರವರೆಗೆ ಬರೆದರು. ಆರ್ವಲ್ ಬೆನ್ನ ಹಿಂದೆ ಸಲಿಕೆಯ ಸದ್ದು ಕೇಳುತ್ತ ಕೂತಿದ್ದ.

“ಕಲ್ಲಿಗೂ ನಂಬರ್ ಕೊಟ್ರು ಮಾಮ,” ಎಂದಳು ಟ್ವೈಲಾ. “ಇನ್ಮೇಲೆ ಅವೂ ಸ್ಯಾನ್ ಕಾರ್ಲೋಸ್‌ನೋವೇ. ವಾರಕ್ಕೊಂದ್ಸಲ ಹಿಟ್ಟು ಸಿಗ್ತದೆ.”

ಅವಳು ನಗಿಸಲೆಂದೇ ಹೇಳಿದ್ದು. ಆರ್ವಲ್ ನಕ್ಕ. ನಕ್ಕು, ಹ್ಯಾಟನ್ನು ಮುಖದ ಮೇಲೆ ಎಳೆದುಕೊಂಡ. ಲಾರಿ ಹೋದ ಮೇಲೂ ತೆಗೆಯಲಿಲ್ಲ.

ಈಗ ಅವನ ಕೆಲಸ ಪ್ರವಾಸಿ ಕಟ್ಟಡದ ಬಾಗಿಲಲ್ಲಿ. ಅಂಗಳದಲ್ಲಿ ಹಗ್ಗ ಕಟ್ಟಿದ ಕಲ್ಲಿನ ಸುತ್ತು, ಅದರ ಮುಂದೆ ಹಲಗೆ: ‘ಕಣ್ಮರೆಯಾದ ಅಜ್ಞಾತ ಜನಾಂಗದ ನಿಗೂಢ ಅಗ್ನಿವೃತ್ತ.’ ಜನ ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುತ್ತಾರೆ. ಹೋದ ಶರತ್ಕಾಲದಲ್ಲಿ ಮೊಣಕೈವರೆಗೆ ನೀಲಿ ಕಲ್ಲಿನ ಬಳೆ ತೊಟ್ಟ ಒಬ್ಬಾಕೆ ಬಂದಳು. ಹಗ್ಗದ ಪಕ್ಕ ಕಣ್ಣು ಮುಚ್ಚಿ, ಅಂಗೈ ಚಾಚಿ, ಬಹಳ ಹೊತ್ತು ನಿಂತಳು. ನಿಜವಾದ ಕಣ್ಣೀರು ಹರಿಯುತ್ತಿತ್ತು.

“ಅಜ್ಜಾ, ಇಲ್ಲಿ ಏನೋ ಸರಿಯಿಲ್ಲ,” ಎಂದು ಪಿಸುಗುಟ್ಟಿದಳು. “ಈ ಕಲ್ಲುಗಳು ಏನನ್ನೋ ಹೇಳೋಕೆ ಒದ್ದಾಡ್ತಿವೆ. ನನ್ನ ಅಂಗೈಗೆ ತಾಗ್ತಾ ಇದೆ. ನಿಮಗೂ ಅನ್ನಿಸುತ್ತಾ?”

“ಹೂಂ,” ಎಂದ ಆರ್ವಲ್. “ಬಾಗಿಲು ಪೂರ್ವಕ್ಕಿತ್ತು. ಇವರು ಕಕ್ಕಸ್ಸಿನ ಕಡೆ ಇಟ್ಟವ್ರೆ.”