ಹಿಂಡಿ ಡಬ್ಬಿಯ ತಳದಲ್ಲಿ ಬೋರಮಾಳ

ನಮ್ಮ ಸೋದರತ್ತೆಯ ಲೆಕ್ಕದಲ್ಲಿ ದೂರದ ಬಸ್ಸಿನೊಳಗೆ ಎರಡೇ ಜಾತಿಯ ಮಂದಿ. ಒಂದು ನಾವು, ಇನ್ನೊಂದು ಕಳ್ಳರು. ಡ್ರೈವರು, ಕಂಡಕ್ಟರು ಯಾವ ಕಡೆಯವರು ಅನ್ನುವುದು ಬಸ್ಸು ಊರು ದಾಟಿದ ಮೇಲೆ ತಿಳಿಯಬೇಕಾದ ಸಂಗತಿ.

ಹಿಮಾಯತ್‌ನಗರದಲ್ಲಿ ನಮ್ಮದು ಮೇಲಿನ ಮನೆ, ಅತ್ತೆ-ಮಾವನದು ಕೆಳಗಿನದು. ಯಾರು ಬ್ಯಾಗು ಹಿಡಿದು ಮೆಟ್ಟಿಲಿಳಿದರೂ ಅತ್ತೆಯ ಬಾಗಿಲು ದಾಟಿಯೇ ಹೋಗಬೇಕು, ದಾಟುವಾಗ ಪಾಠ ಕೇಳಲೇಬೇಕು. ರಾತ್ರಿ ಬಸ್ಸು ಹತ್ತಬಾರದು. ಹಗಲು ಬಸ್ಸಿನಲ್ಲಿ ಕಣ್ಣು ಮುಚ್ಚಬಾರದು. ಕಿಟಕಿಯ ಹೊರಗೆ ಕೈ ಹಾಕಬಾರದು, ಬ್ಯಾಗಿನ ಪಟ್ಟಿ ಕಾಲಿಗೆ ಸುತ್ತಿಕೊಂಡು ಕೂಡಬೇಕು, ಪರರು ಕೊಟ್ಟದ್ದು ತಿನ್ನಬಾರದು, ಹೋಗುವ ಊರು ಯಾರಿಗೂ ಹೇಳಬಾರದು. ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ ಆಡಿಕೊಂಡು ಬೆಳೆದ ನಮಗೆ ಕನ್ನಡ ಬಂದದ್ದು ಹಿರಿಯರ ಬಾಯಿಂದ, ಅದರಲ್ಲೂ ಇಂಥ ಪಾಠಗಳಿಂದ. ಅದಕ್ಕೇ ಏನೋ, ಇವತ್ತಿಗೂ ನನಗೆ ಕನ್ನಡದಲ್ಲಿ ಸರಾಗವಾಗಿ ಬರುವುದು ಎಚ್ಚರಿಕೆ ಹೇಳುವುದೊಂದೇ.

ಈಚೆಗೆ ವಿಜಯಪುರದಲ್ಲಿ ಅತ್ತೆಯ ಮೊಮ್ಮಗಳ ಕುಬಸ ಗೊತ್ತಾಯಿತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡುವ ಕಾರ್ಯ. ಅತ್ತೆಯ ಮನೆತನದಲ್ಲಿ ಅವತ್ತು ಬಸುರಿಯ ಕೊರಳಿಗೆ ಒಂದು ಹಳೆಯ ಬೋರಮಾಳ ಬೀಳಬೇಕು. ಬಾರಿಹಣ್ಣಿನಂಥ ಬಂಗಾರದ ಗುಂಡುಗಳ ಸರ ಅದು. ಅತ್ತೆಗೆ ಅವಳ ಅವ್ವ ಹಾಕಿದ್ದಳು, ಅತ್ತೆ ತನ್ನ ಮಗಳಿಗೆ ಹಾಕಿದ್ದಳು, ಈಗ ಮಗಳ ಮಗಳ ಸರದಿ. ಮಾವನ ಬೇಗಂ ಬಜಾರ್‌ನ ಪಾತ್ರೆ ಅಂಗಡಿಯಲ್ಲಿ ಮದುವೆ ಗಿರಾಕಿಗಳ ಗದ್ದಲ, ಅವರು ಹಿಂದಿನಿಂದ ಬರುವವರು. ಹೀಗಾಗಿ ಅತ್ತೆಗೂ ಬೋರಮಾಳಕ್ಕೂ ಕಾವಲಾಗಿ ನಾನು ಹೊರಡಬೇಕಾಯಿತು.

"ಕಾರ್ ಮಾಡೋಣ ಅತ್ತಿ," ಅಂದೆ.

"ಕಾರಿನಾಗ ಡ್ರೈವರ್ ಒಬ್ಬನ ಇರ್ತಾನ. ಅವ ಕಳ್ಳ ಆದ್ರ ಆತು, ಮುಗೀತು. ಬಸ್ಸಿನಾಗ ಎಲ್ಲಾರೂ ಕಳ್ಳರು. ಒಬ್ಬನ್ನ ಇನ್ನೊಬ್ಬ ಕಾಯ್ತಾನ."

ಇಷ್ಟು ಹೇಳಿ ಅವಳು ಬಂಗಾರ ಅಡಗಿಸುವ ಕೆಲಸಕ್ಕೆ ಕೂತಳು. ಹಾಲಿನ ಖಾಲಿ ಪಾಕೀಟು ತೊಳೆದು ಒಣಗಿಸಿ, ಅದರಲ್ಲಿ ಸರ ಸುತ್ತಿ, ಮಾವನ ಅಂಗಡಿಯ ಹೊಸ ಸ್ಟೀಲ್ ಡಬ್ಬಿಯ ತಳದಲ್ಲಿಟ್ಟು, ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತುಂಬಿ ಬೆರಳಿನಿಂದ ಒತ್ತಿದಳು. ಕಳ್ಳನಿಗೆ ಬೇಡಾದ ವಸ್ತುವಿನಲ್ಲಿ ಬೇಕಾದ ವಸ್ತು ಇಡಬೇಕು, ಇದು ಸೂತ್ರ. ಸೂತ್ರ ಸರಿಯೇ. ಆದರೆ ಹುರಿದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕಲ್ಲಿನ ಒಳ್ಳಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದ ಹಿಂಡಿ ಅದು. ವಾಸನೆ ಮೂರು ಮನೆ ದಾಟಿ ಹೋಗಿತ್ತು.

"ಅತ್ತಿ, ಯಾರಿಗೂ ಬ್ಯಾಡಾಗಬೇಕಂದ್ರ ಹಳಸಿದ ಶೇಂಗಾ ಹಾಕಿ ಕುಟ್ಟಬೇಕಿತ್ತು."

ಅವಳು ಡಬ್ಬಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ನನ್ನ ಕೈಲೆ ಕೆಟ್ಟ ಹಿಂಡಿ ಮಾಡಂತಿಯೇನು? ನಾಳೆ ಕಳ್ಳ ತಿಂದು ಏನಂದಾನು?"

ದಾರಿಯಲ್ಲಿ ಉಣ್ಣಲಿಕ್ಕೆ ಇನ್ನೊಂದು ಡಬ್ಬಿ ಹಿಂಡಿ, ಕಟಕ ರೊಟ್ಟಿ, ಮೊಸರು ಕಟ್ಟಿದಳು. ಬಂಗಾರದ ಡಬ್ಬಿಗೆ ಗುರುತಿಗೆ ಕೆಂಪು ದಾರ.

ಬೆಳಿಗ್ಗೆ ಮೂಸಿ ದಂಡೆಯ ದೊಡ್ಡ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಕಿಟಕಿ ಕಡೆ ನನ್ನನ್ನು ಕೂಡಿಸಿದಳು. ಹೊರಗಿನಿಂದ ಯಾರಾದರೂ ಕೈ ಹಾಕಿದರೆ ಮೊದಲು ನನ್ನ ಕೊರಳು ಸಿಗಲಿ ಎಂಬ ಏರ್ಪಾಡು. ತಾನು ಈ ಕಡೆ ಕೂತು, ಬ್ಯಾಗನ್ನು ಕಾಲ ಸಂದಿಯಲ್ಲಿಟ್ಟು, ಪಟ್ಟಿಯನ್ನು ಕಾಲಿಗೆ ಎರಡು ಸುತ್ತು ಸುತ್ತಿದಳು. ಕಂಡಕ್ಟರು ಬಂದ.

"ಎಲ್ಲಿಗ್ರಿ ಯಮ್ಮಾ?"

"ನಿನಗ್ಯಾಕೋ?"

"ನನಗ ಬ್ಯಾಡ್ರಿ, ಟಿಕೀಟಿಗೆ ಬೇಕಾಗೈತಿ."

ನಾನು ಬಗ್ಗಿ ಅವನ ಕಿವಿಯಲ್ಲಿ ವಿಜಯಪುರ ಅಂದೆ. ಅವನು ಬಸ್ಸಿಗೆಲ್ಲ ಕೇಳುವಂತೆ "ವಿಜಯಪುರ ಎರಡು!" ಎಂದು ಕೂಗಿ ಟಿಕೀಟು ಕೊಟ್ಟ. ಅತ್ತೆ ಅವನನ್ನು ಆಗಲೇ ಎರಡನೇ ಜಾತಿಗೆ ಸೇರಿಸಿಬಿಟ್ಟಳು.

ಪಟಾನ್‌ಚೆರುವಿನಲ್ಲಿ ಇಬ್ಬರು ಹೆಂಗಸರು ಹತ್ತಿ ನಮ್ಮ ಪಕ್ಕದ ಸಾಲಿನಲ್ಲಿ ಕೂತರು. ತಾಯಿ, ಮಗಳು. ಮಗಳು ತುಂಬಿದ ಬಸುರಿ. ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಹೆರಿಗೆಗೆಂದು ತಾಯಿ ಬಂದು ಹುಮನಾಬಾದಿಗೆ ಕರೆದೊಯ್ಯುತ್ತಿದ್ದಳು. ಇದೆಲ್ಲ ನಮಗೆ ಸಂಗಾರೆಡ್ಡಿ ಮುಟ್ಟುವ ಮೊದಲೇ ಗೊತ್ತಾಯಿತು, ಯಾಕೆಂದರೆ ಅತ್ತೆ ಕೇಳಿದಳು. ನಾವು ಯಾರು, ವಿಜಯಪುರದಲ್ಲಿ ಯಾವ ಓಣಿ, ಯಾವ ಗುಡಿಯ ಹಿಂದಿನ ಮನೆ, ಕುಬಸಕ್ಕೆ ಎಷ್ಟು ಮಂದಿ ಬೀಗರು ಅನ್ನುವುದು ಅವರಿಗೂ ಗೊತ್ತಾಯಿತು, ಯಾಕೆಂದರೆ ಅತ್ತೆಯೇ ಹೇಳಿದಳು. ಊರು ಹೇಳಬಾರದೆಂಬ ನಿಯಮ ಕೇಳಿದವರಿಗೆ ಮಾತ್ರ. ಕೇಳದವರಿಗೆ ಹೇಳಬಹುದು.

ಇಷ್ಟು ಹೇಳಿ ಮುಗಿಸಿ ನನ್ನ ಕಡೆ ವಾಲಿ ಪಿಸುಗುಟ್ಟಿದಳು. "ಹೊಟ್ಟಿ ಖರೇನ ಐತೋ ಏನೋ. ಮೊಬೈಲಿನಾಗ ವಿಡಿಯೋ ಬಂದಿತ್ತು. ತಲಿದಿಂಬ ಕಟಗೊಂಡು ಬಸ್ಸು ಹತ್ತತಾರಂತ. ಜೋಡೀಲೇ ಬರ್ತಾರಂತ."

"ಅತ್ತಿ, ಈಗ ತಾನ ಆಕೀಗೆ ಮನಿ ವಿಳಾಸಾ ಕೊಟ್ಟಿ!"

"ಅದಕ್ಕ ಅಂತೀನಿ, ಜ್ವಾಕಿ ಇರು."

ಸದಾಶಿವಪೇಟೆ ದಾಟಿದ ಮೇಲೆ ಬುತ್ತಿ ಬಿಚ್ಚಿದಳು. ಪರರು ಕೊಟ್ಟದ್ದು ತಿನ್ನಬಾರದು, ನಿಜ. ಆದರೆ ಸುತ್ತ ಕೂತವರಿಗೆ ಕೊಡದೆ ತಾವೊಬ್ಬರೇ ಉಣ್ಣುವುದು ನಮ್ಮ ಕಡೆ ಅದಕ್ಕಿಂತ ದೊಡ್ಡ ಅಪರಾಧ. ಮುಂದಿನ ಸೀಟಿಗೆ ರೊಟ್ಟಿ ಹೋಯಿತು, ಹಿಂದಿನ ಸೀಟಿಗೆ ಹೋಯಿತು, ಎರಡನೇ ಜಾತಿಯ ಕಂಡಕ್ಟರನಿಗೂ ಹೋಯಿತು. ಅವರ ಮನೆಯ ಹಿರಿಯರೂ ಇದೇ ಪಾಠ ಹೇಳಿರಬೇಕು, ಮೊದಮೊದಲು ಎಲ್ಲರೂ ರೊಟ್ಟಿಯನ್ನು ಅನುಮಾನದಿಂದ ತಿರುಗಿಸಿ ನೋಡಿದರು. ಹಿಂಡಿ ನಾಲಿಗೆಗೆ ತಾಗಿದ್ದೇ ಅನುಮಾನ ಬಿಟ್ಟು ಎರಡನೇ ಸಲ ಕೈ ಚಾಚಿದರು. ಬಸುರಿ ಒಬ್ಬಳೇ ಸಂಕಟವಾಗುತ್ತದೆಂದು ಬೇಡವೆಂದಳು.

"ತಿನ್ನಲಿಲ್ಲ, ನೋಡಿದಿ?" ಅತ್ತೆ ನನ್ನ ಪಕ್ಕೆ ತಿವಿದಳು. "ಮಂದಿಗೆ ನಿದ್ದಿ ಹತ್ತಲಿ ಅಂತ ಕಾಯಾಕತ್ತಾಳ."

ಉಣ್ಣುವ ಡಬ್ಬಿ ಬರಿದಾಯಿತು. ಕಂಡಕ್ಟರು ಬೆರಳು ನೆಕ್ಕುತ್ತಾ, "ಮುಗೀತೇನ್ರಿ ಯಮ್ಮಾ ಇಷ್ಟರಾಗ?" ಅಂದ.

ಅಷ್ಟು ಸಾಕಾಯಿತು. "ನಮ್ಮ ಮನಿ ಹಿಂಡಿ ಮುಗೀತೈತೇನೋ? ಇನ್ನೊಂದು ಡಬ್ಬಿ ಐತಿ," ಎಂದು ಅತ್ತೆ ಬ್ಯಾಗು ತಟ್ಟಿದಳು. ತಟ್ಟಿದ ಕೈ ಅಲ್ಲೇ ನಿಂತಿತು. ಮಾತು ಮಾತ್ರ ಬಸ್ಸಿನ ತುಂಬಾ ಹೋಗಿಬಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಬಸುರಿ ಈ ಕಡೆ ಬಗ್ಗಿದಳು. ನಾಚಿಕೆಯಿಂದ ಅವಳ ದನಿ ಅರ್ಧ ಹೊಟ್ಟೆಯಲ್ಲೇ ಉಳಿದಿತ್ತು. "ಅಜ್ಜಿ, ಆಗಿನಿಂದ ವಾಸನಿ ಬರ್ಲಾಕತ್ತದರಿ. ಬಾಯಾಗ ನೀರು ಬರ್ಲಾಕತ್ತದ. ಆ ಇನ್ನೊಂದು ಡಬ್ಬ್ಯಾಗಿಂದು ಒಂಚೂರು ಕೊಡ್ತೀರೇನ್ರಿ?"

ಅತ್ತೆಯ ಮುಖ ನೋಡುವಂತಿರಲಿಲ್ಲ. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದು. ಇಲ್ಲವೆಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂಬ ನಂಬಿಕೆ. ಅದೂ ಅತ್ತೆ ಹೊರಟಿರುವುದು ಇನ್ನೊಬ್ಬ ಬಸುರಿಯ ಕಾರ್ಯಕ್ಕೆ. ಇಲ್ಲಿ ಈ ಹುಡುಗಿಗೆ ಇಲ್ಲವೆಂದು ಅಲ್ಲಿ ಹೋಗಿ ಆ ಹುಡುಗಿಗೆ ಆರತಿ ಎತ್ತುವ ಕೈ ಯಾವುದು? ಕೊಟ್ಟರೋ, ಡಬ್ಬಿಯ ತಳದಲ್ಲಿ ಅವ್ವನ ಬೋರಮಾಳ. ಹೊಟ್ಟೆ ದಿಂಬಾಗಿದ್ದರೆ, ಬ್ಯಾಗಿನಲ್ಲಿರುವ ಅಷ್ಟೂ ಸಾಮಾನಿನಲ್ಲಿ ಇವಳು ಸರಿಯಾಗಿ ಅದನ್ನೇ ಕೇಳುತ್ತಿದ್ದಾಳೆ.

"ಎಷ್ಟರಾಗ ಅದಿಯವಾ?" ಅತ್ತೆ ವಿಚಾರಣೆ ಶುರು ಮಾಡಿದಳು.

"ಎಂಟನೇ ತಿಂಗಳು ನಡದದರಿ."

"ಬಯಕಿ ಸೀದೋ, ಖಾರದ್ದೋ?"

"ಮೊದಲ ಸುಣ್ಣಾ ಹಚ್ಚಿದ ಗ್ವಾಡಿ ಕಂಡ್ರ ನೆಕ್ಕಬೇಕು ಅನಸ್ತಿತ್ತರಿ. ಈಗ ಬರೇ ಖಾರ."

ಸುಣ್ಣದ ಗೋಡೆಯ ಮಾತು ಕೇಳಿದ್ದೇ ಅತ್ತೆಯ ಗಂಟು ಸಡಿಲಾಯಿತು. ದಿಂಬು ಕಟ್ಟಿಕೊಂಡವರಿಗೆ ಈ ಆಸೆ ಎಲ್ಲಿಂದ ತಿಳಿಯಬೇಕು? ಕಾಲಿನ ಪಟ್ಟಿ ಬಿಚ್ಚದೆಯೇ ಬಗ್ಗಿ, ಕೆಂಪು ದಾರ ಹರಿದು, ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿಯ ಮೇಲೆ ಮೇಲ್ಮೇಲಿನ ಹಿಂಡಿ ಕೆರೆದು ಹಾಕಿದಳು. ಹುಡುಗಿ ಕಣ್ಣು ಮುಚ್ಚಿ ತಿಂದಳು. ಆ ತಿನ್ನುವುದನ್ನು ನೋಡಿದ ಯಾರಿಗೂ ಮತ್ತೆ ಹಾಕದೆ ಇರಲಾಗುತ್ತಿರಲಿಲ್ಲ. ಅತ್ತೆ ಮತ್ತೆ ಹಾಕಿದಳು. ಮತ್ತೂ ಹಾಕಿದಳು. ಡಬ್ಬಿಯಲ್ಲಿ ಹಿಂಡಿ ಇಳಿದಂತೆ ನನ್ನ ಜೀವವೂ ಇಳಿಯುತ್ತಿತ್ತು.

"ಹಿಡಿ, ನೀನ ಹಚಗೋ," ಎಂದು ಕಡೆಗೆ ಅತ್ತೆ ಡಬ್ಬಿಯನ್ನೇ ಅವಳ ಕೈಗೆ ಕೊಟ್ಟಳು, ಒಂದು ಕೈ ಮಾತ್ರ ತಾನೂ ಹಿಡಿದುಕೊಂಡು. ಅದೇ ಹೊತ್ತಿಗೆ ರಸ್ತೆಯ ಉಬ್ಬೊಂದನ್ನು ಡ್ರೈವರು ನೋಡಲಿಲ್ಲ. ಬಸ್ಸು ಎತ್ತಿ ಒಗೆಯಿತು. ಡಬ್ಬಿ ಹುಡುಗಿಯ ಮಡಿಲಿಗೆ ಬೋರಲು ಬಿತ್ತು. ಹಿಂಡಿಯ ಗುಡ್ಡೆಯೊಳಗಿಂದ ಹಾಲಿನ ಪಾಕೀಟು, ಪಾಕೀಟಿನೊಳಗಿಂದ ಬೋರಮಾಳ, ಖಾರ ಮೆತ್ತಿಕೊಂಡು ಹೊರಗೆ ಬಂತು.

"ಅಯ್ಯ, ಅಜ್ಜಿ! ಹಿಂಡ್ಯಾಗ ಇದೇನರಿ?" ಹುಡುಗಿ ಅದನ್ನು ಎತ್ತಿ ಹಿಡಿದಳು, ಎಲ್ಲರಿಗೂ ಕಾಣುವ ಹಾಗೆ.

ಮುಂದಿನ ಸೀಟಿನವರೆಲ್ಲ ಹೊರಳಿ ನೋಡಿದರು. ಅತ್ತೆ ಸಾವರಿಸಿಕೊಂಡು ಹೇಳಿದಳು. "ಅದು... ಹಿಂಡಿ ಕೆಡಬಾರ್ದು ಅಂತ ಹಾಕ್ತಾರವಾ."

ಮೊದಲು ನಕ್ಕಿದ್ದು ಹುಡುಗಿಯ ತಾಯಿ. ಹೊಟ್ಟೆ ಹಿಡಿದು ನಗುತ್ತಲೇ, "ಖರೇ ಅದರಿ ಅಕ್ಕಾರ, ನಮ್ಮದು ಅಕ್ಕಿಹಿಟ್ಟಿನ ಡಬ್ಬ್ಯಾಗ ಅದ!" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕಂಡಕ್ಟರು ಎದ್ದು ನಿಂತ. "ಇನ್ನ ಯಾರ್ಯಾರ ಬಂಗಾರ ಎಲ್ಲೆಲ್ಲಿ ಐತಿ, ಈಗ ಹೇಳಿಬಿಡ್ರಿ. ಲಗೇಜ್ ಟಿಕೀಟ್ ಹರೀತೀನಿ." ಹಲವರ ಕೈ ತಮಗೇ ಗೊತ್ತಿಲ್ಲದೆ ತಮ್ಮ ತಮ್ಮ ಚೀಲ ಮುಟ್ಟಿ ನೋಡಿಕೊಂಡವು.

ನಗು ಇಳಿದ ಮೇಲೆ ಉಳಿದದ್ದು ಭಯ. ವಿಜಯಪುರ ಇನ್ನೂ ದೂರ. ಗುಟ್ಟು ಬಸ್ಸಿನವರಿಗೆಲ್ಲ ಗೊತ್ತಾಗಿತ್ತು. ಇನ್ನು ಎಲ್ಲಿ ಅಡಗಿಸಬೇಕು? ಹುಡುಗಿ ಮಡಿಲಿನ ಹಿಂಡಿಯನ್ನು ಡಬ್ಬಿಗೆ ಬಳಿದು ಹಾಕಿ, ಸೆರಗಿನಿಂದ ಗುಂಡುಗಳನ್ನು ಒಂದೊಂದಾಗಿ ಒರೆಸಿ ಸರ ಚಾಚಿದಳು. ಅತ್ತೆ ತೊಗೊಳ್ಳಲಿಲ್ಲ. ಅದನ್ನೂ ಹುಡುಗಿಯನ್ನೂ ನೋಡಿ, "ನಿನ್ನ ಕೊರಳಾಗ ಹಾಕ್ಕೋ," ಅಂದಳು.

"ಅತ್ತಿ!" ಅಂದೆ ನಾನು.

"ನೀ ಸುಮ್ಮನ ಕೂಡು. ಬಸುರಿ ಕೊರಳಿಗೆ ಕೈ ಹಾಕೋ ಧೈರ್ಯಾ ಯಾ ಕಳ್ಳಗೂ ಇಲ್ಲ. ಅವಗೂ ಮಕ್ಕಳು ಮರಿ ಇರ್ತಾವ. ಮತ್ತ ಒಬ್ಬ ಬಸುರಿ ಕೊರಳಿಂದ ಇನ್ನೊಬ್ಬ ಬಸುರಿ ಕೊರಳಿಗೆ ಹೊಕ್ಕೈತಿ, ಚಲೋನ ಆತು."

ತಾನೇ ಹಾಕಿದಳು. ಹಾಕಿ, ಸೀಟಿಗೆ ಒರಗಿ, ನಾನು ಎಂದೂ ಕಾಣದ ಒಂದು ಕೆಲಸ ಮಾಡಿದಳು. ನಿದ್ದೆ ಹೋದಳು. ಬಾಯಿ ತೆರೆದು, ಗೊರಕೆ ಹೊಡೆದು.

ಈಗ ಎಚ್ಚರ ಇರುವ ಪಾಳಿ ನನ್ನದಾಯಿತು. ಇಷ್ಟು ವರ್ಷ ಅವಳ ನಿಯಮಗಳನ್ನು ನಕ್ಕು ತಳ್ಳಿದವನು ಜಹೀರಾಬಾದಿನಿಂದಾಚೆ ಒಂದೊಂದನ್ನೂ ಪಾಲಿಸಿದೆ. ಕಣ್ಣು ಮುಚ್ಚಲಿಲ್ಲ, ಆ ಕೊರಳಿನಿಂದ ದೃಷ್ಟಿ ತೆಗೆಯಲೂ ಇಲ್ಲ. ದಿಂಬಿನ ವಿಡಿಯೋ ನನಗೂ ಬಂದಿತ್ತು, ಅಳಿಸಿ ಹಾಕಿದ್ದೆ. ಪೂರ್ತಿ ನೋಡಬೇಕಿತ್ತು ಅನ್ನಿಸತೊಡಗಿತು.

ಹುಮನಾಬಾದು ಬಂತು. ತಾಯಿ ಚೀಲ ಎತ್ತಿಕೊಂಡು ಮೊದಲು ಇಳಿದಳು. ಹುಡುಗಿ ಎದ್ದು, ಸೆರಗು ಹೊದ್ದು, ಹಾಸಿಗೆ ಸುರುಳಿ ಹಿಡಿದು, ಬಾಗಿಲ ಕಡೆ ನಡೆದಳು. ಬೋರಮಾಳ ಸೆರಗಿನೊಳಗೆ ಮುಚ್ಚಿಹೋಯಿತು. ನಾನು ಏಳಲು ಹೋದೆ. ಅತ್ತೆಯ ಮೊಣಕಾಲು ಅಡ್ಡ. ದಾಟಲು ಹೋದೆ. ಅವಳ ಕಾಲಿಗೆ ಸುತ್ತಿದ ಬ್ಯಾಗಿನ ಪಟ್ಟಿಯಲ್ಲಿ ನನ್ನ ಕಾಲು ಸಿಕ್ಕಿಬಿತ್ತು. ಸುರಕ್ಷತೆಯೆಂದರೆ ಅದು, ಕಳ್ಳನಿಗಿಂತ ಮೊದಲು ಕಾವಲುಗಾರನನ್ನೇ ಹಿಡಿಯಿತು.

"ಏ ತಂಗೀ!" ಕೂಗೇಬಿಟ್ಟೆ.

ಹುಡುಗಿ ಮೆಟ್ಟಿಲ ಬಳಿ ತಾಯಿಯ ಕೈಗೆ ಹಾಸಿಗೆ ಸುರುಳಿ ದಾಟಿಸಿ ಹಿಂತಿರುಗಿ ಬರುತ್ತಿದ್ದಳು. ನನ್ನ ಅವಸ್ಥೆ ನೋಡಿ ನಕ್ಕಳು. "ಯಾಕರಿ ಅಣ್ಣಾ, ಓಡಿ ಹೋದ್ಳು ಅನಕೊಂಡ್ರೇನ್ರಿ? ಈ ಹೊಟ್ಟಿ ಕಟಗೊಂಡು ಎಲ್ಲಿ ಓಡಲಿ?"

"ಏ, ಇಲ್ಲವಾ... ನೀರಿನ ಬಾಟ್ಲಿ ಬಿಟ್ಟಿ ಅಂತ..."

ಬಾಟ್ಲಿ ಅವಳ ಕೈಯಲ್ಲೇ ಇತ್ತು.

ಅತ್ತೆಯನ್ನು ಎಬ್ಬಿಸಿ ಸರ ಬಿಚ್ಚಿ ಕೊಟ್ಟಳು. ಬಸುರಿಯ ಕೊರಳಿನಿಂದ ತೆಗೆದುಕೊಂಡು ಬರಿಗೈಲಿ ಕಳಿಸುವುದುಂಟೆ? ಅತ್ತೆ ಬ್ಯಾಗಿನಿಂದ ಕುಬಸಕ್ಕೆಂದು ತಂದ ಒಂದು ರವಿಕೆ ಖಣ ತೆಗೆದಳು, ಅದರ ಮೇಲೆ ಅರ್ಧ ಹಿಂಡಿ ಉಳಿದಿದ್ದ ಡಬ್ಬಿ ಇಟ್ಟಳು, ನಿಂತ ನಿಲುವಿನಲ್ಲೇ ಹುಡುಗಿಯ ಉಡಿಗೆ ಹಾಕಿದಳು. "ಸುಸೂತ್ರ ಹೆತ್ತು ಬಾಣಂತಿ ಆಗವ್ವ," ಅಂದಳು. ಕಂಡಕ್ಟರು ಸೀಟಿ ಊದದೆ ಕಾದ.

ಡಬ್ಬಿ ಹೋಯಿತು, ಅಡಗಿಸುವ ಜಾಗ ಇಲ್ಲವಾಯಿತು. ಅತ್ತೆ ಬೋರಮಾಳವನ್ನು ತನ್ನ ಕೊರಳಿಗೇ ಹಾಕಿಕೊಂಡು, ಸೆರಗು ಸರಿಸಿ, ರಾಜಾರೋಷವಾಗಿ ಕೂತಳು. ಕಲಬುರಗಿಯಲ್ಲಿ ಹತ್ತಿದವರು ಅದನ್ನು ದಿಟ್ಟಿಸಿದಾಗ ಕಂಡಕ್ಟರು, "ಅಜ್ಜಿ ಕೊರಳ ಕಡೆ ನೋಡಬ್ಯಾಡ್ರಿ, ಮುಂದ ನಡೀರಿ," ಎಂದು ಗದರಿದ. ರೊಟ್ಟಿ ತಿಂದ ಹಳೆಯ ಪ್ರಯಾಣಿಕರು ಹೊಸಬರನ್ನು ಅನುಮಾನದಿಂದ ನೋಡಿದರು. ಒಬ್ಬನ್ನ ಇನ್ನೊಬ್ಬ ಕಾಯ್ತಾನ ಎಂದು ಅವಳು ಹೇಳಿದ್ದು ಇದನ್ನೇ ಇರಬೇಕು.

"ಬಸ್ಸಿನಾಗ ನಿದ್ದಿ ಹೊಡದಿ ಅತ್ತಿ," ಅಂದೆ, ಸಂಜೆ ವಿಜಯಪುರದಲ್ಲಿ ಇಳಿಯುವಾಗ.

"ಕಣ್ಣು ಮುಚ್ಚಿದ್ದೆ. ನಿದ್ದಿ ಎಲ್ಲಿ ಮಾಡಿದೆ? ನೀ ತಂಗೀ ಅಂತ ಒದರಿದ್ದು ಕೇಳಿಲ್ಲೇನು ನಾ?"

ಮರುದಿನ ಕುಬಸದಲ್ಲಿ ಮೊಮ್ಮಗಳಿಗೆ ಹಸಿರು ಸೀರೆ ಉಡಿಸಿ ಕೂಡಿಸಿದರು. ಬೋರಮಾಳವನ್ನು ಅಂಟುವಾಳದ ನೀರಿನಲ್ಲಿ ಎರಡು ಸಲ ತೊಳೆದಾಗಿತ್ತು. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ಹಾಕಿದಳು. ಹೆಂಗಸರು ಆರತಿ ಹಾಡು ಎತ್ತಿಕೊಂಡರು. ಮೊಮ್ಮಗಳು ತಲೆ ತಗ್ಗಿಸಿ, ಎದೆಯ ಮೇಲಿನ ಗುಂಡುಗಳನ್ನು ಮೂಗಿನ ತನಕ ಎತ್ತಿ, ಒಮ್ಮೆ ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಅಜ್ಜಿ, ಶೇಂಗಾ ಹಿಂಡಿ ತಂದಿಯೇನ? ಈಗ ತಿನ್ನಬೇಕು ಅನಸಾಕತ್ತೈತಿ."

ಹಾಡು ನಿಂತಿತು. ಅತ್ತೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಡಬ್ಬಿ ಹುಮನಾಬಾದಿನಲ್ಲಿತ್ತು. ಇನ್ನೂ ಹುಟ್ಟದ ಮರಿಮಗುವಿನ ಕಿವಿ ಇಲ್ಲಿತ್ತು.

ಅತ್ತೆ ಆರತಿ ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ರೇಶ್ಮೆ ಸೀರೆಯ ಸೆರಗು ಸೊಂಟಕ್ಕೆ ಬಿಗಿದಳು.

"ಹಾಡ್ರಿ ನೀವು, ನಿಲ್ಲಿಸಬ್ಯಾಡ್ರಿ," ಅಂದಳು. "ಒಳ್ಳು ಎಲ್ಲೈತಿ?"