ಕುಣಿಯುವ ಕಾಲಿಗೆ ಜಯಕ್ಕನ ನೆಲ

ಬೆಳಗಿನ ಎಂಟೂಮುಕ್ಕಾಲು. ಕೊಡಿಯಾಲ್‌ಬೈಲಿನ ಹಳೆಯ ಹೆಂಚಿನ ಬಂಗಲೆಯೊಂದರ ಚಾವಡಿಯಲ್ಲಿ ಐವತ್ತೆರಡು ವರ್ಷದ ಜಯ ಒಬ್ಬರೇ ಕುಣಿಯುತ್ತಿದ್ದಾರೆ. ಹಾಡಿಲ್ಲ, ದೀಪವಿಲ್ಲ. ಎಡಗಾಲಿನಲ್ಲಿ ಯಾರೋ ಹುಡುಗಿ ಬಿಟ್ಟುಹೋದ ಬೆಳ್ಳಿಬಣ್ಣದ ಹೈಹೀಲ್ಡ್ ಚಪ್ಪಲಿ. ಬಲಗಾಲಿನಲ್ಲಿ ಯಾರೋ ಗಂಡಸು ಬಿಟ್ಟುಹೋದ ಕಪ್ಪು ಬೂಟು. ಒಂದು ಕಾಲು ಎತ್ತರ, ಒಂದು ಕಾಲು ತಗ್ಗು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪು ಕಾವಿ ಗಾರೆಯ ನೆಲದ ಮೇಲೆ ಗರ್ರನೆ ಒಂದು ಸುತ್ತು ತಿರುಗಿ, ಹಿಮ್ಮಡಿ ಎಳೆದು, ನಿಂತು, ಮತ್ತೆ ತಿರುಗುತ್ತಾರೆ.

ಅಡುಗೆಮನೆಯ ಬಾಗಿಲಿನಿಂದ ರೊಸಾಲಿನ್ ಇಣುಕುತ್ತಾರೆ. ಮೀನಿನ ಅಡುಗೆಗೆ ಇಲ್ಲಿ ಅವರದೇ ಕೈ. ಇವತ್ತು ಸೋಮವಾರ, ಗಿರಾಕಿಗಳಿಗೆ ರಜೆ, ಅಡುಗೆಮನೆಗೆ ವಾರದ ಮಸಾಲೆ ಹುರಿಯುವ ದಿನ. ಸೌಟು ಹಿಡಿದುಕೊಂಡೇ ಕೇಳುತ್ತಾರೆ: "ಎಂತ ಜಯಕ್ಕ, ಇವತ್ತು ಮದುಮಗಳಾ, ಮದುಮಗನಾ?"

"ಎರಡೂ ನಾನೇ ರೊಸಾಲಿನ್ ಬಾಯಿ. ಅಡುಗೆ ಮಾತ್ರ ನಿಮ್ಮದು."

ನಗು ನಿಲ್ಲುವ ಮೊದಲೇ ಜಯಕ್ಕ ಮೊಣಕಾಲೂರಿ ಕುಳಿತಾಗಿದೆ. ಕಿಟಕಿಯ ಹತ್ತಿರ ಒಂದು ಗೇಣು ಜಾಗ ಕಾಲಿಗೆ ಸರಿಬರಲಿಲ್ಲ. "ಇಲ್ಲಿ ಒಂಚೂರು ಜಾರುವ ಹಾಗೆ ಉಂಟು. ಯಾರದ್ದೋ ತಟ್ಟೆಯಿಂದ ತುಪ್ಪ ಬಿದ್ದಿರಬೇಕು" ಎನ್ನುತ್ತಾ ಅಂಟುವಾಳದ ನೀರಿನಲ್ಲಿ ಬಟ್ಟೆ ಅದ್ದುತ್ತಾರೆ.

'ರೆಡ್ ವರಾಂಡ' ಎಂಬ ಈ ರೆಸ್ಟೋರೆಂಟಿನಲ್ಲಿ ಸಂಜೆ ಏಳರಿಂದ ಊಟ. ನೀರುದೋಸೆ, ಕೋರಿ ಗಸಿ, ಕಾಣೆ ಫ್ರೈ. ಒಂಬತ್ತೂಕಾಲಿಗೆ ದೀಪಗಳು ತಗ್ಗುತ್ತವೆ. ಸಪ್ಲೈಯರುಗಳು ನಡುವಿನ ಹನ್ನೊಂದು ಮೇಜುಗಳನ್ನು ಗೋಡೆಗೆ ಸರಿಸುತ್ತಾರೆ. ಈಗಷ್ಟೇ ಗಸಿಯಲ್ಲಿ ಅದ್ದಿದ ಕೈ ತೊಳೆದುಕೊಂಡು ಬಂದವರು ಅದೇ ಜಾಗದಲ್ಲಿ ಕುಣಿಯುತ್ತಾರೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಹುಡುಗರು, ಆಸ್ಪತ್ರೆಯ ಡ್ಯೂಟಿ ಮುಗಿಸಿದ ನರ್ಸುಗಳು, ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಜೋಡಿಗಳು. ಸಾಧಾರಣ ದಿನ ಐವತ್ತು ಜನ, ಶನಿವಾರ ನೂರಿಪ್ಪತ್ತು.

ಇವರಲ್ಲಿ ಒಬ್ಬರೂ ಜಯಕ್ಕನನ್ನು ನೋಡಿಲ್ಲ. ಜಯಕ್ಕ ಅವರನ್ನು ನೋಡಿಲ್ಲ. ಆದರೆ ಅವರ ಕಾಲು ಗೊತ್ತು. ದಿನಾ ಗುಡಿಸುವ ಮೊದಲು ನೆಲದ ಮೇಲಿನ ಗುರುತು ಓದುತ್ತಾರೆ: "ಇಲ್ಲಿ ಒಬ್ಬ ಹಿಮ್ಮಡಿ ಊರಿ ಊರಿ ಹಾರಿದ್ದಾನೆ, ನೋಡಿ. ಇದು ಬರಿಗಾಲು, ಹುಡುಗಿದು. ಪಾಪ, ಚಪ್ಪಲಿ ಬಿಚ್ಚಿಟ್ಟು ಕುಣಿದಿದ್ದಾಳೆ. ಒಳ್ಳೆಯ ಹುಡುಗಿ."

ಪ್ರವೇಶದ್ವಾರದಲ್ಲಿ ಹಿತ್ತಾಳೆಯ ಫಲಕವೊಂದಿದೆ. ಬಂಗಲೆಯನ್ನು ನವೀಕರಿಸಿದ ವಾಸ್ತುಶಿಲ್ಪಿಯ ಹೆಸರು, ದೀಪ ಜೋಡಿಸಿದವರ ಹೆಸರು, ಗೋಡೆಗೆ ಚಿತ್ರ ಬರೆದವರ ಹೆಸರು. ಮೆನು ಕಾರ್ಡಿನ ಮೊದಲ ಪುಟದಲ್ಲಿ 'ಅಜ್ಜನ ಕಾಲದ ಕಾವಿ ನೆಲ' ಎಂಬ ಹೆಮ್ಮೆಯ ಸಾಲು ಬೇರೆ. ಆ ನೆಲವನ್ನು ದಿನಕ್ಕೊಮ್ಮೆ ಮೊಣಕಾಲಿನಲ್ಲಿ ಅಳೆಯುವ ಹೆಂಗಸಿನ ಹೆಸರು ಎಲ್ಲಿಯೂ ಇಲ್ಲ. ಮರೆತದ್ದಲ್ಲ. ಹಾಕಬೇಕೆಂದು ಯಾರಿಗೂ ಹೊಳೆದೇ ಇಲ್ಲ. ನಮ್ಮ ಊರುಗಳಲ್ಲಿ ಕಸಬರಿಕೆ ಹಿಡಿದ ಕೈಗೆ ಹೆಸರು ಇರುತ್ತದೆಂದು ಹೊಳೆಯುವುದೇ ಕಡಿಮೆ.

ಇವತ್ತಿನ ಸೋಮವಾರ ಮಾತ್ರ ಬೇರೆ. ಚಾವಡಿಯ ಮೂಲೆಯಲ್ಲಿ ಒಂಬತ್ತು ಬಿಳಿ ಟೈಲ್ಸ್ ಹೊಳೆಯುತ್ತಿವೆ. ಮಾದರಿಗೆಂದು ಕಳೆದ ವಾರ ಕಾವಿಯ ಮೇಲೆಯೇ ಅಂಟಿಸಿ ಹೋದದ್ದು. ಧನಿಗೆ, ಅಂದರೆ ಮಾಲೀಕರಿಗೆ, ಇಷ್ಟವಾದರೆ ಮಳೆಗಾಲದಲ್ಲಿ ಇಡೀ ಚಾವಡಿಗೆ ಟೈಲ್ಸ್. ಆಮೇಲೆ ಒರೆಸಲು ಯಂತ್ರ ಬರುತ್ತದೆ. ಜಯಕ್ಕನಿಗೆ ಏನು ಕೆಲಸ ಎಂದು ಕೇಳಿದರೆ ಮ್ಯಾನೇಜರ್ ಹಿತೇಶ್ ಕೆಮ್ಮುತ್ತಾರೆ. "ನೋಡುವ ಜಯಕ್ಕ, ಪಾತ್ರೆ ತೊಳೆಯುವಲ್ಲಿ ಎಂತಾದರೂ..."

ಜಯಕ್ಕ ಜಗಳ ಆಡಲಿಲ್ಲ. ಕೇಳಿದ್ದು ಒಂದೇ: "ಹಾಕುವ ಮೊದಲು ಎರಡರ ಮೇಲೂ ಒಮ್ಮೆ ಕುಣಿದು ನೋಡಿ ಹಿತೇಶಣ್ಣ. ಧನಿಯನ್ನೂ ಬರಲಿಕ್ಕೆ ಹೇಳಿ." ಇವತ್ತು ಸಂಜೆ ನಾಲ್ಕಕ್ಕೆ ಆ ಪರೀಕ್ಷೆ. ನೆಲ ಉಳಿದರೆ ಜಯಕ್ಕನ ಕೆಲಸ ಉಳಿಯುತ್ತದೆ.

ಜಯಕ್ಕನ ಮನೆ ವಾಮಂಜೂರು. ಗಂಡ ಮುದ್ದು. ಇಬ್ಬರೂ ಸೇರಿ ಎರಡು ಗದ್ದೆ ಗೇಣಿಗೆ ಮಾಡುತ್ತಿದ್ದರು. ಗದ್ದೆಯಲ್ಲೀಗ ಕಾಲೇಜೊಂದರ ಬಸ್ಸುಗಳು ನಿಲ್ಲುತ್ತವೆ. ಮುದ್ದು ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋದರು, ಜಯಕ್ಕ ಪೇಟೆಯ ಬಸ್ಸು ಹತ್ತಿದರು. ಆದರೆ ನೆಲದ ವಿದ್ಯೆ ಗದ್ದೆಯ ಕಾಲದ್ದೇ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸಿ, ಪಡಿಮಂಚ ಇಟ್ಟು ಭತ್ತ ಬಡಿಯಬೇಕಿತ್ತು. ಸಾರಿಸಿದ್ದು ಹದಕ್ಕೆ ಬಂತೋ ಇಲ್ಲವೋ ಎಂದು ಅತ್ತೆ ಕಣ್ಣಿನಿಂದ ನೋಡುತ್ತಿರಲಿಲ್ಲ, ಕಾಲು ಎಳೆದು ನೋಡುತ್ತಿದ್ದರು.

"ಆಟಿ ತಿಂಗಳಲ್ಲಿ ಕಳೆಂಜ ಬರುತ್ತಾನಲ್ಲ, ಮನೆಯ ಮಾರಿ ಕಳೆಯಲಿಕ್ಕೆ ಅಂಗಳದಲ್ಲಿ ಕುಣಿಯುವವ. ಜಡಿಮಳೆ, ಅಂಗಳ ಇಡೀ ಪಾಚಿ. ನಮ್ಮ ಅತ್ತೆ ಹಿಂದಿನ ದಿನವೇ ಪಾಚಿ ಕೆರೆಸಿ ಮರಳು ಹಾಕಿಸುತ್ತಿದ್ದರು. ನಮ್ಮ ಅಂಗಳಕ್ಕೆ ಕುಣಿಯಲಿಕ್ಕೆ ಬಂದವ ಬಿದ್ದರೆ ತಪ್ಪು ಅವನದ್ದಲ್ಲ, ನಮ್ಮದು ಅಂತ ಹೇಳುತ್ತಿದ್ದರು."

ಅಂಥ ಅತ್ತೆಯ ಸೊಸೆ ಈ ಚಾವಡಿಯಲ್ಲಿ ಮೊದಲ ತಿಂಗಳೇ ಮಾಡಿದ ಎಡವಟ್ಟನ್ನು ರೊಸಾಲಿನ್ ಇವತ್ತಿಗೂ ಮರೆಯಲು ಬಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ. ಹಬ್ಬದ ವಾರ. ಫೋಟೋ ತೆಗೆಯಲು ಜನ ಬರುತ್ತಾರೆ, ನೆಲ ಹೊಳೆಯಬೇಕು ಎಂದು ಹಿತೇಶ್ ಹೇಳಿದ್ದರು. ಕಾವಿ ನೆಲ ಹೊಳೆಯಲು ಕರಾವಳಿಯ ಯಾವ ಹೆಂಗಸು ಏನು ಮಾಡುತ್ತಾಳೋ ಜಯಕ್ಕನೂ ಅದನ್ನೇ ಮಾಡಿದರು. ಅರ್ಧ ಲೀಟರ್ ತೆಂಗಿನೆಣ್ಣೆ ತಂದು, ಹಳೆಯ ಬಟ್ಟೆಯಲ್ಲಿ ಅದ್ದಿ, ಮೂಲೆ ಬಿಡದೆ ಉಜ್ಜಿದರು. ನೆಲದಲ್ಲಿ ಮುಖ ಕಾಣುತ್ತಿತ್ತು. ಹಿತೇಶ್ ಬೆನ್ನು ತಟ್ಟಿದರು. ಜಯಕ್ಕ ಖುಷಿಯಲ್ಲಿ ಬಸ್ಸು ಹತ್ತಿದರು.

ಅವತ್ತು ಮೊದಲ ಹಾಡಿಗೇ ಮೂವರು ನೆಲಕ್ಕೆ. ಎತ್ತಲು ಓಡಿಬಂದದ್ದು ಹಾಡು ಹಾಕುವ ಸಫ್ವಾನ್. ಅವನು ನಾಲ್ಕನೆಯವನು. ಮಣಿಕಟ್ಟು ಮುರಿದು ಮೂರು ವಾರ ಪ್ಲಾಸ್ಟರ್.

"ಮರುದಿನ ಬೆಳಿಗ್ಗೆ ರೊಸಾಲಿನ್ ಬಾಯಿ ಹೇಳಿದಾಗಲೇ ನನಗೆ ಗೊತ್ತಾದದ್ದು" ಎನ್ನುತ್ತಾರೆ ಜಯಕ್ಕ. "ಮನೆಯ ನೆಲದಲ್ಲಿ ನಾವು ನಡೆಯುವುದಲ್ಲವಾ? ಇಲ್ಲಿ ಕುಣಿಯುವುದು. ಅದು ನನ್ನ ತಲೆಗೆ ಹೋಗಲೇ ಇಲ್ಲ."

ಕೆಲಸ ಹೋಯಿತೆಂದೇ ಎಲ್ಲರೂ ಎಣಿಸಿದ್ದರು. ಉಳಿಸಿದ್ದು ಪ್ಲಾಸ್ಟರಿನ ಸಫ್ವಾನ್. "ಅವರನ್ನು ತೆಗೆದರೆ ಹೊಸಬರು ಬಂದು ಮತ್ತೆ ಎಣ್ಣೆ ಹಾಕುತ್ತಾರೆ, ಮಾರಾಯ್ರೆ. ಇವರಿಗೆ ಈಗ ಬುದ್ಧಿ ಬಂದಿದೆ" ಎಂದು ಹಿತೇಶರಿಗೆ ಹೇಳಿದನಂತೆ. ಇವತ್ತಿಗೂ ಎದುರು ಸಿಕ್ಕಿದರೆ ಎಡಗೈ ತೋರಿಸುತ್ತಾನೆ. "ಜಯಕ್ಕ, ಮಂಗಳೂರಿನಲ್ಲಿ ಒಂದೇ ಕೈಯ ಡಿಜೆ ನಾನೊಬ್ಬನೇ ಇದ್ದದ್ದು. ನಿಮ್ಮ ಆಶೀರ್ವಾದ."

ಬುದ್ಧಿ ಬಂದದ್ದು ಹೌದು. ಎಣ್ಣೆ ತೆಗೆಯಲು ಹನ್ನೆರಡು ದಿನ ಅಂಟುವಾಳದ ನೀರು ಹಾಕಿ ತಿಕ್ಕಿದರು. ಆಮೇಲೆ ನೆಲ ಬೋಳುಬೋಳಾಗಿ, ಕಾಲಿಗೆ ಹಿಡಿತವಿಲ್ಲದಂತಾಯಿತು. ಒಂದು ದಿನ ಗಂಜಿ ಬಸಿದ ನೀರು, ಅಂದರೆ ತೆಳಿ, ಚೆಲ್ಲಿದ ಜಾಗದಲ್ಲಿ ರೊಸಾಲಿನ್ ಅವರ ಕಾಲು ಜಾರದೆ ನಿಂತದ್ದನ್ನು ಜಯಕ್ಕ ಕಂಡರು. ಅಲ್ಲಿಂದ ಶುರು. ಕೆಲಸದವರ ಊಟಕ್ಕೆ ಬೇಯಿಸಿದ ಕುಚ್ಚಲಕ್ಕಿಯ ತೆಳಿಯನ್ನು ರೊಸಾಲಿನ್ ತೆಗೆದಿಡುತ್ತಾರೆ. ಬೆಳಿಗ್ಗೆ ಜಯಕ್ಕ ಕೊನೆಯ ಬಾಲ್ದಿ ನೀರಿಗೆ ಒಂದೇ ಸೌಟು ಬೆರೆಸುತ್ತಾರೆ. ಎರಡು ಸೌಟಾದರೆ ಇರುವೆ ಬರುತ್ತದೆ. ಅರ್ಧ ಸೌಟಾದರೆ ಜಾರುತ್ತದೆ. ಈ ಲೆಕ್ಕ ಹದಕ್ಕೆ ಬರಲು ಎರಡು ತಿಂಗಳು ಹಿಡಿಯಿತು.

ದಿನದ ಕೆಲಸ ಇಷ್ಟು: ಸಾವಿರದ ನೂರ ನಲವತ್ತು ಚದರಡಿ ನೆಲ. ಮೊದಲು ಹಿಡಿಸೂಡಿಯಲ್ಲಿ ಒಣ ಗುಡಿಸುವುದು, ಆಮೇಲೆ ಒಂಬತ್ತು ಬಾಲ್ದಿ ಅಂಟುವಾಳದ ನೀರು, ನಾಲ್ಕು ಬಾಲ್ದಿ ತಣ್ಣೀರು, ಕೊನೆಗೆ ತೆಳಿಯ ಬಾಲ್ದಿ. ಉದ್ದ ಕೋಲಿನ ಒರೆಸುವ ಬಟ್ಟೆ ಜಯಕ್ಕನಿಗೆ ಆಗದು, ಮೊಣಕಾಲಿನ ಕೆಳಗೆ ಗೋಣಿತಾಟು ಹಾಕಿಕೊಂಡು ಕೈಯಲ್ಲೇ ಒರೆಸುವುದು. ಎಡ ಮೊಣಕಾಲು ಸಂಜೆಗೆ ಬಾತುಕೊಳ್ಳುತ್ತದೆ. ಎಲ್ಲ ಆದ ಮೇಲೆ ಕಾಲಿನ ಪರೀಕ್ಷೆ: ಮೂರು ಸುತ್ತು ಬರಿಗಾಲಲ್ಲಿ, ಮೂರು ಸುತ್ತು ಹೀಲ್ಡು ಮತ್ತು ಬೂಟಿನಲ್ಲಿ. ಆ ಬೂಟಿನ ಗಂಡಸು ಒಂಟಿ ಕಾಲಲ್ಲಿ ಮನೆಗೆ ಹೇಗೆ ಹೋದ ಎಂಬುದು ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ನೋವು ಮೊಣಕಾಲಿನದ್ದು ಮಾತ್ರವಲ್ಲ. ಊರಿನಲ್ಲಿ ಕೆಲವರಿಗೆ ಅವರು 'ಪಬ್ಬಿನ ಜಯ'. ಬಸ್ಸಿನಲ್ಲಿ ಪಕ್ಕದ ಮನೆಯವರು ಒಮ್ಮೆ ಎಲ್ಲರಿಗೂ ಕೇಳುವಂತೆ ಅಂದರಂತೆ: ಹೆಣ್ಣುಮಕ್ಕಳು ಗಂಡಸರೊಟ್ಟಿಗೆ ಕುಣಿಯುವ ಜಾಗದಲ್ಲಿ ಮರ್ಯಾದಸ್ಥರಿಗೆ ಎಂತ ಕೆಲಸ? ಜಯಕ್ಕ ಟಿಕೆಟು ಮಡಚಿಡುತ್ತಾ ಕೇಳಿದ್ದು ಇಷ್ಟೇ: "ಅವರು ಕುಣಿದರೆ ನಿಮ್ಮ ಕಾಲು ಎಂತಕ್ಕೆ ನೋಯುವುದು?"

ಯಾರು ಯಾರೊಟ್ಟಿಗೆ ಊಟ ಮಾಡಬೇಕು, ಯಾರು ಎಲ್ಲಿ ಕುಣಿಯಬಾರದು ಎಂದು ತೀರ್ಪು ಕೊಡಲು ಈ ಪೇಟೆಯಲ್ಲಿ ಜನ ಬೇಕಾದಷ್ಟಿದ್ದಾರೆ. ಕುಣಿಯುವವರು ಬೀಳದಿರಲಿ ಎಂದು ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಬರುವವರು ಎಷ್ಟಿದ್ದಾರೆ?

ಮಗಳು ಮೋಕ್ಷಾ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮೊದಲು ಅವಳಿಗೂ ಮುಜುಗರವಿತ್ತು. ಈಗ ಗೆಳತಿಯರಿಗೆ ಹೇಳುತ್ತಾಳಂತೆ, ನಮ್ಮಮ್ಮ ದಿನಾ ಡ್ಯಾನ್ಸ್ ಮಾಡುತ್ತಾರೆ, ಅದೂ ಸಂಬಳಕ್ಕೆ.

ಸಂಜೆ ನಾಲ್ಕು. ಧನಿ ಬಂದಿದ್ದಾರೆ. ಸಫ್ವಾನ್ ಹಾಡು ಹಾಕುತ್ತಾನೆ. ಹಗಲು ಬೆಳಕಿನಲ್ಲಿ ಕುಣಿಯಲು ಎಲ್ಲರಿಗೂ ನಾಚಿಕೆ. ಜಯಕ್ಕ ಎರಡು ಗ್ಲಾಸು ಲಿಂಬೆ ಸೋಡಾ ತರುತ್ತಾರೆ. ಒಂದನ್ನು ಬಿಳಿ ಟೈಲ್ಸಿನ ಮೇಲೆ ಚೆಲ್ಲುತ್ತಾರೆ, ಇನ್ನೊಂದನ್ನು ಕಾವಿಯ ಮೇಲೆ. "ಇಲ್ಲಿ ದಿನಾ ಇದೇ ಬೀಳುವುದು. ಒಣ ನೆಲದಲ್ಲಿ ಎಲ್ಲರೂ ಕುಣಿಯುತ್ತಾರೆ. ಈಗ ಕುಣಿಯಿರಿ."

ಹಿತೇಶ್ ಮೊದಲು ಕಾವಿಯ ಮೇಲೆ ನಿಲ್ಲುತ್ತಾರೆ. ಇಸ್ತ್ರಿ ಪ್ಯಾಂಟು, ಪಾಲಿಶ್ ಬೂಟು. ಎರಡು ಹೆಜ್ಜೆ, ಒಂದು ತಿರುವು, ಒಂದು ಜಿಗಿತ. ಪಚಪಚ ಸದ್ದಾಗುತ್ತದೆ, ಕಾಲು ನಿಲ್ಲುತ್ತದೆ. ಧೈರ್ಯ ಬಂದು ಅದೇ ಭರದಲ್ಲಿ ಟೈಲ್ಸಿಗೆ ಹಾರುತ್ತಾರೆ. ಮುಂದಿನದ್ದು ಯಾರಿಗೂ ಸರಿಯಾಗಿ ಕಾಣಲಿಲ್ಲ. ಕಂಡದ್ದು, ಮ್ಯಾನೇಜರ್ ಸಫ್ವಾನನ ಕುತ್ತಿಗೆಗೆ ಜೋತುಬಿದ್ದದ್ದು.

"ಕೈ ಬಿಡಿ ಹಿತೇಶಣ್ಣ! ಈ ಸಲ ಬಲಗೈಯಾ?" ಎಂದು ಸಫ್ವಾನ್ ಕೂಗುತ್ತಾನೆ. ಅಡುಗೆಮನೆಯ ಬಾಗಿಲಲ್ಲಿ ರೊಸಾಲಿನ್ ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ.

ಧನಿ ನಗುವುದಿಲ್ಲ. ತಾವೇ ಟೈಲ್ಸಿನ ಮೇಲೆ ಮೆಲ್ಲಗೆ ಪಾದ ಎಳೆದು ನೋಡುತ್ತಾರೆ. "ಇದಕ್ಕೂ ನಿಮ್ಮ ತೆಳಿ ಹಾಕಿದರೆ ಆಗಲಿಕ್ಕಿಲ್ಲವಾ ಜಯಕ್ಕ?"

"ಹಾಕಿ ನೋಡಿದ್ದೇನೆ ಧನಿ, ಶುಕ್ರವಾರವೇ. ಕಾವಿ ಕುಡಿಯುತ್ತದೆ. ಇದು ಉಗುಳುತ್ತದೆ."

ಧನಿ ಕಾವಿಯ ಮೇಲೂ ಒಮ್ಮೆ ಪಾದ ಎಳೆದು ನೋಡುತ್ತಾರೆ. ಹಾಡು ತನ್ನಷ್ಟಕ್ಕೆ ಬಡಿಯುತ್ತಿದೆ. ಕೊನೆಗೆ ಧನಿ ಕಾರಿನ ಕೀಲಿ ಕೈಗೆತ್ತಿಕೊಳ್ಳುತ್ತಾರೆ. "ಈ ಮಳೆಗಾಲ ನೆಲಕ್ಕೆ ಕೈ ಹಾಕುವುದು ಬೇಡ ಹಿತೇಶ. ಹಾಗೇ ಇರಲಿ."

ಮುಂದಿನ ಮಳೆಗಾಲದ ಮಾತು ಅವರು ಆಡಲಿಲ್ಲ. ಜಯಕ್ಕ ಕೇಳಲೂ ಇಲ್ಲ. ಚೆಲ್ಲಿದ ಸೋಡಾ ಅಂಟುವ ಮೊದಲು ಒರೆಸಬೇಕೆಂದು ಕುಳಿತಾಗಿದೆ. ಕಾವಿ ಒರೆಸಿ, ಟೈಲ್ಸನ್ನೂ ಅಷ್ಟೇ ಚೊಕ್ಕವಾಗಿ ಒರೆಸುತ್ತಾರೆ. "ಅದು ಎಂತ ತಪ್ಪು ಮಾಡಿದೆ? ಗೋಡೆಗೆ ಹಾಕಿದರೆ ಚಂದ ಕಾಣುತ್ತದೆ."

ಎಣ್ಣೆಯ ಆ ಪ್ರಸಂಗದ ನಂತರ ನಾಲ್ಕು ವರ್ಷದಲ್ಲಿ ಈ ನೆಲದ ಮೇಲೆ ಬಿದ್ದವರೇ ಇಲ್ಲವೇ ಎಂದರೆ ಜಯಕ್ಕ ಖಂಡಿತವಾಗಿ ಹೇಳುತ್ತಾರೆ: "ಕುಡಿದು ಬಿದ್ದವರು ಉಂಟು. ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಜಾರಿ ಬಿದ್ದವರು ಇಲ್ಲ."

ಹಿತೇಶ್ ನೋಯುವ ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಆ ಕೆಮ್ಮು ಈಗಿಲ್ಲ. "ಜಯಕ್ಕ, ಹೊರಗಿನ ಬೋರ್ಡಿನಲ್ಲಿ ನಿಮ್ಮ ಹೆಸರೂ ಹಾಕಿಸುವ ಅಂತ ಕಾಣ್ತದೆ. ಧನಿಯ ಹತ್ತಿರ ನಾನು ಹೇಳ್ತೇನೆ."

ಜಯಕ್ಕ ಬಟ್ಟೆ ಹಿಂಡಿ ಬಾಲ್ದಿಯ ಅಂಚಿಗೆ ಹಾಕುತ್ತಾರೆ. ಮೇಜಿನಡಿಯಿಂದ ಬೆಳ್ಳಿಬಣ್ಣದ ಒಂಟಿ ಚಪ್ಪಲಿ ಎಳೆದು ತೋರಿಸುತ್ತಾರೆ. "ಹಾಕಿಸುವುದಾದರೆ ಇದಕ್ಕೊಂದು ಹೊಸ ಹಿಮ್ಮಡಿ ಹಾಕಿಸಿ ಕೊಡಿ. ಸವೆದುಹೋಗಿದೆ, ನೆಲ ಸರಿ ಗೊತ್ತಾಗುವುದಿಲ್ಲ."

"ಅದು ಕೊಡುವ. ಹೆಸರು ಬೇಡವಾ?"

"ಹೆಸರು ಎಂತಕ್ಕೆ ಹಿತೇಶಣ್ಣ? ನೆಲ ಒರೆಸಿದ್ದು ಯಾರು ಅಂತ ಕೇಳುವುದು ಜಾರಿ ಬಿದ್ದವರು ಮಾತ್ರ." ಜಯಕ್ಕ ಬಾಲ್ದಿ ಎತ್ತಿಕೊಂಡು ಏಳುತ್ತಾರೆ. "ನಾಲ್ಕು ವರ್ಷದಿಂದ ಯಾರೂ ಕೇಳಲಿಲ್ಲ."